ರಸ್ತೆ ನೆರವಿನ ವರ್ಗಣಿ: ಕೊಡಬೇಕೆ, ಬೇಡವೆ?

ಈಗೀಗ ಪಿಕಪ್ ಗಾಡಿಯನ್ನೋ ಕಾರನ್ನೋ ಕೊಳ್ಳಲು ಸೋಲಾಪುರಕ್ಕೆ ಹೋದ ನಮ್ಮ ಒಕ್ಕಲಿಗನ ಮುಂದೆ ಸಾಲದ ಕಾಗದ, ವಿಮೆಯ ಕಾಗದಗಳ ಜೊತೆಗೆ ಮತ್ತೊಂದು ಕಾಗದವನ್ನೂ ಇಡುತ್ತಾರೆ. ಮಾರುವವರು ಅದಕ್ಕೆ ‘ರೋಡ್‌ಸೈಡ್ ಅಸಿಸ್ಟನ್ಸ್’ ಎನ್ನುತ್ತಾರೆ. ನಾವು ರಸ್ತೆ ನೆರವಿನ ಸದಸ್ಯತ್ವ ಎನ್ನೋಣ. ವರ್ಷಕ್ಕೆ ಇಷ್ಟೆಂದು ವರ್ಗಣಿ ಕೊಟ್ಟಿದ್ದರೆ, ಗಾಡಿ ಹಾದಿಯಲ್ಲಿ ಕೆಟ್ಟು ನಿಂತಾಗ ಒಂದು ಫೋನು ಮಾಡಿದರೆ ಸಾಕು, ಮಿಸ್ತ್ರಿ ಬರುತ್ತಾನೆ. ಅವನಿಂದ ಆಗದಿದ್ದರೆ ಕ್ರೇನು ಬಂದು ಗಾಡಿಯನ್ನು ಗ್ಯಾರೇಜಿಗೆ ಮುಟ್ಟಿಸುತ್ತದೆ ಎಂಬುದು ಅದರ ಸಾರಾಂಶ. ಕಾಗದ ಇಂಗ್ಲಿಷಿನಲ್ಲಿ, ವಿವರಣೆ ಮರಾಠಿಯಲ್ಲಿ, ಕೇಳುವವನು ಕನ್ನಡದವನು. ಹೀಗಾಗಿ ಎಷ್ಟೋ ಜನ ತಿಳಿಯದೆಯೇ ಹಣ ಕಟ್ಟುತ್ತಾರೆ, ಎಷ್ಟೋ ಜನ ತಿಳಿಯದೆಯೇ ಬೇಡವೆನ್ನುತ್ತಾರೆ. ಎರಡೂ ಸರಿಯಲ್ಲ. ಇದು ಲೆಕ್ಕ ಮಾಡಿ ತೀರ್ಮಾನಿಸಬೇಕಾದ ವಿಷಯ.

ಈ ಏರ್ಪಾಡು ಹೊಸದೇನಲ್ಲ. ಇಂಗ್ಲಂಡಿನಲ್ಲಿ 1905ರಲ್ಲಿ ಮೋಟಾರು ಮಾಲೀಕರು ಕೂಡಿ ಒಂದು ಸಂಘ ಕಟ್ಟಿದರು. ವೇಗ ಅಳೆಯಲು ಪೋಲೀಸರು ಎಲ್ಲಿ ಹೊಂಚಿ ನಿಂತಿದ್ದಾರೆಂದು ಸದಸ್ಯರಿಗೆ ಮುಂಚೆಯೇ ತಿಳಿಸುವುದು ಅದರ ಮೊದಲ ಕೆಲಸವಾಗಿತ್ತು! ಕೆಟ್ಟ ಗಾಡಿಗೆ ನೆರವಾಗುವ ಕೆಲಸ ಬಳಿಕ ಕೂಡಿಕೊಂಡಿತು. ಮುಂಬಯಿಯಲ್ಲಿಯೂ 1919ರಲ್ಲಿ ವೆಸ್ಟರ್ನ್ ಇಂಡಿಯಾ ಆಟೊಮೊಬೈಲ್ ಅಸೋಸಿಯೇಶನ್ ಸ್ಥಾಪನೆಯಾಯಿತು. ಇಂದು ಗಾಡಿಯ ಕಂಪನಿಗಳೂ ವಿಮೆಯ ಕಂಪನಿಗಳೂ ಇದನ್ನು ವ್ಯಾಪಾರವಾಗಿ ನಡೆಸುತ್ತವೆ. ಯಾರು ನಡೆಸಿದರೂ ತತ್ವ ಒಂದೇ: ನೂರು ಜನ ಸ್ವಲ್ಪ ಸ್ವಲ್ಪ ಕೊಟ್ಟು ಕೂಡಿಹಾಕಿದ್ದರಲ್ಲಿ, ಕೆಟ್ಟು ನಿಂತ ಕೆಲವರ ಖರ್ಚನ್ನು ತೂಗಿಸುವುದು. ಮುಯ್ಯಾಳಿನ ಪದ್ಧತಿಯನ್ನು ಕಂಡ ನಮಗೆ ಇದು ತಿಳಿಯದ ಮಾತಲ್ಲ.

ಮೊದಲು ಹಣದ ಲೆಕ್ಕ. ವರ್ಗಣಿಯು ಕಂಪನಿಗೊಂದು, ಗಾಡಿಗೊಂದು ಇರುತ್ತದೆ. ಉದಾಹರಣೆಯ ಸಲುವಾಗಿ ವರ್ಷಕ್ಕೆ 1,200 ರೂಪಾಯಿ ಎಂದು ಹಿಡಿಯೋಣ. ಗಾಡಿ ವಳಸಂಗದ ಹತ್ತಿರ ನಿಂತಿತು, ಸೋಲಾಪುರಕ್ಕೆ ಎಳೆದೊಯ್ಯಲು ಖಾಸಗಿ ಕ್ರೇನಿನವನು 3,000 ರೂಪಾಯಿ ಕೇಳಿದ ಎಂದು ಹಿಡಿಯೋಣ. 3,000ವನ್ನು 1,200ರಿಂದ ಭಾಗಿಸಿದರೆ ಎರಡೂವರೆ ಬರುತ್ತದೆ. ಎರಡೂವರೆ ವರ್ಷದಲ್ಲಿ ಒಮ್ಮೆ ಕ್ರೇನು ಕರೆಯಿಸುವ ಪ್ರಸಂಗ ಬಂದರೆ ಕೊಟ್ಟದ್ದಕ್ಕೂ ಪಡೆದದ್ದಕ್ಕೂ ಸಮವಾಯಿತು. ಅದಕ್ಕಿಂತ ಕಡಿಮೆ ಬಂದರೆ ಹಣ ಹೆಚ್ಚಾಗಿ ಕೊಟ್ಟಂತೆ. ನಿಮ್ಮ ಊರಿನಲ್ಲಿ ಕೇಳಿ ತಿಳಿದ ಅಂಕಿಗಳನ್ನು ಇಟ್ಟು ಈ ಭಾಗಾಕಾರವನ್ನು ನೀವೇ ಮಾಡಿರಿ. ಪಂಕ್ಚರು, ಬ್ಯಾಟರಿ ಇಳಿಯುವುದು, ಡಿಸೇಲು ತೀರುವುದು ಇವುಗಳನ್ನು ಲೆಕ್ಕಕ್ಕೆ ಹಿಡಿಯಬಾರದು. ಒಳ್ಳೆಯ ಸ್ಟೆಪ್ನಿ, ಜಾಕು, ಪಾನಾ ಗಾಡಿಯಲ್ಲಿದ್ದರೆ ಇಂಥವು ಹಾದಿಯ ಮೇಲೆಯೇ ಮುಗಿಯುವ ಕೆಲಸಗಳು. ಹಿಂದೆ ಚಕ್ಕಡಿ ಹೂಡುವವರು ಕೀಲೆಣ್ಣೆಯ ನಳಿಗೆಯನ್ನು ಅಚ್ಚಿನ ಹತ್ತಿರ ತೂಗಹಾಕಿಕೊಳ್ಳದೆ ಪೇಟೆಯ ಹಾದಿ ಹಿಡಿಯುತ್ತಿರಲಿಲ್ಲ. ಆ ಬುದ್ಧಿ ಮೋಟಾರಿಗೂ ಬೇಕು.

ಎರಡನೆಯದಾಗಿ, ಕೈಯಲ್ಲಿ ಇದ್ದುದನ್ನೇ ಮತ್ತೆ ಕೊಳ್ಳಬಾರದು. ಹೊಸ ಗಾಡಿಗೆ ಮೊದಲಿನ ಕೆಲವು ಕಾಲ ಈ ನೆರವನ್ನು ಅನೇಕ ಕಂಪನಿಗಳು ಪುಕ್ಕಟೆಯಾಗಿ ಕೊಡುತ್ತವೆ. ಪೂರ್ಣ ವಿಮೆ ಇಳಿಸಿದವರ ಕಾಗದದಲ್ಲಿ ಇದು ಜೋಡುವಿಮೆಯಾಗಿ ಮೊದಲೇ ಸೇರಿರಬಹುದು. ಸೇರಿರದಿದ್ದರೆ, ಬೇರೆಯಾಗಿ ಸದಸ್ಯತ್ವ ಕೊಳ್ಳುವ ಮೊದಲು ವಿಮೆಯಲ್ಲಿ ಸೇರಿಸಲು ಎಷ್ಟಾಗುತ್ತದೆಂದು ಕೇಳಿರಿ. ಇನ್ನು ಹೆದ್ದಾರಿಯ ಮಾತು. ಸೋಲಾಪುರದಿಂದ ಪುಣೆಗೂ ಹೈದರಾಬಾದಿಗೂ ಹೋಗುವ 65ನೆಯ, ವಿಜಯಪುರಕ್ಕೆ ಹೋಗುವ 52ನೆಯ, ಅಕ್ಕಲಕೋಟಕ್ಕೆ ಬರುವ 150-ಈ ರಾಷ್ಟ್ರೀಯ ಹೆದ್ದಾರಿಗಳ ಮೇಲೆ ತೊಂದರೆಯಾದರೆ 1033 ಎಂಬ ನಂಬರಿಗೆ ಹಗಲಿರುಳೂ ಪುಕ್ಕಟೆಯಾಗಿ ಫೋನು ಮಾಡಬಹುದು. ಟೋಲು ವಸೂಲಿಯ ಹೆದ್ದಾರಿಗಳಿಗೆ ಗಸ್ತಿನ ಗಾಡಿ, ಅಂಬ್ಯುಲನ್ಸು, ಕ್ರೇನುಗಳ ಏರ್ಪಾಡು ಇದೆ. ರಸ್ತೆಯನ್ನು ತೆರವು ಮಾಡಿ ನಿಮ್ಮನ್ನು ಅಪಾಯದಿಂದ ಪಾರುಮಾಡುವುದು ಅದರ ಉದ್ದೇಶ. ನಿಮಗೆ ಬೇಕಾದ ಗ್ಯಾರೇಜಿಗೆ ಮುಟ್ಟಿಸುವ ಹೊಣೆ ಅದರದಲ್ಲ. ಆದರೂ ನಡುರಾತ್ರಿ ಲಾರಿಗಳು ಹಾಯುವ ಹಾದಿಯಲ್ಲಿ ಇದು ಸಣ್ಣ ನೆರವಲ್ಲ. ಈ ನಂಬರನ್ನು ಗಾಡಿಯ ಗಾಜಿನ ಒಳಗೆ ಬರೆದು ಅಂಟಿಸಿರಿ.

ಮೂರನೆಯದು ನಿಯಮಗಳ ಮಾತು. ಮನೆಯಲ್ಲಿ ಶಾಲೆ ಕಲಿಯುವ ಮಗಳೋ ಮಗನೋ ಇದ್ದರೆ ಕಾಗದದ ಸಣ್ಣ ಅಕ್ಷರಗಳನ್ನು ಅವರಿಂದ ಓದಿಸಿ ಐದು ಪ್ರಶ್ನೆಗಳಿಗೆ ಉತ್ತರ ಹುಡುಕಿಸಿರಿ. ನಮ್ಮ ಗಾಡಿ ಇದರಲ್ಲಿ ಬರುತ್ತದೆಯೇ? ಸ್ವಂತ ಕಾರಿನ ಯೋಜನೆಯಲ್ಲಿ ಬಾಡಿಗೆ ಪಿಕಪ್ಪಾಗಲಿ ಟ್ರ್ಯಾಕ್ಟರಾಗಲಿ ಬರುತ್ತದೆಂದು ತಿಳಿಯಬಾರದು. ಎಷ್ಟು ಕಿಲೋಮೀಟರಿನ ವರೆಗೆ ಪುಕ್ಕಟೆ ಎಳೆಯುತ್ತಾರೆ, ಮುಂದಿನದಕ್ಕೆ ಏನು ದರ? ಅಕ್ಕಲಕೋಟದಿಂದ ಸೋಲಾಪುರಕ್ಕೇ ಸುಮಾರು 40 ಕಿಲೋಮೀಟರು. ಕ್ರೇನು ಬರುವ ಹಾದಿಯನ್ನೂ ಎಣಿಸುವವರಿದ್ದರೆ ಲೆಕ್ಕವೇ ಬದಲಾಗುತ್ತದೆ. ಡಾಂಬರು ರಸ್ತೆ ಬಿಟ್ಟು ಹೊಲದ ಹಾದಿಯಲ್ಲಿ ನಿಂತರೆ ಬರುತ್ತಾರೆಯೇ? ನಮ್ಮ ಎರೆ ಭೂಮಿಯಲ್ಲಿ ಒಂದು ಮಳೆ ಬಿದ್ದರೆ ಗಾಡಿ ಹೂಳುವುದು ಅಲ್ಲಿಯೇ. ಹಣ ಕಟ್ಟಿದ ದಿನದಿಂದಲೇ ನೆರವು ಸಿಗುತ್ತದೆಯೇ, ವರ್ಷಕ್ಕೆ ಎಷ್ಟು ಸಲ? ಕೊನೆಯದು ಗಡಿಯ ಪ್ರಶ್ನೆ. ನಮ್ಮ ಬೀಗರು ಇಂಡಿಯಲ್ಲಿ, ಆಳಂದದಲ್ಲಿ; ಭೀಮಾ ನದಿ ದಾಟಿ ಧೂಳಖೇಡದ ಆಚೆ ಗಾಡಿ ನಿಂತರೆ ಸೋಲಾಪುರಕ್ಕೆ ತರುತ್ತಾರೆಯೇ, ಅಥವಾ ಹತ್ತಿರದ ಗ್ಯಾರೇಜೆಂದು ವಿಜಯಪುರದಲ್ಲಿ ಬಿಟ್ಟುಹೋಗುತ್ತಾರೆಯೇ? ಉತ್ತರವನ್ನು ಬಾಯಿಮಾತಿನಲ್ಲಿ ಒಪ್ಪಬೇಡಿರಿ, ಬರಹದಲ್ಲಿ ತೋರಿಸೆನ್ನಿರಿ.

ಇಷ್ಟೆಲ್ಲ ಸರಿಯಿದ್ದರೂ ಒಂದು ಮುಖ್ಯ ಮಾತು ಉಳಿಯುತ್ತದೆ. ಒಕ್ಕಲಿಗನ ಗಾಡಿ ಬರಿದೆ ಓಡುವುದಿಲ್ಲ, ಮಾಲು ಹೇರಿಕೊಂಡು ಓಡುತ್ತದೆ. ಹಿಂದಿನ ಉಳ್ಳಾಗಡ್ಡಿ ಸುಗ್ಗಿಯಲ್ಲಿ ನನ್ನ ಮತ್ತು ನೆರೆಹೊಲದವರ ಚೀಲಗಳನ್ನು ಹೇರಿದ ಪಿಕಪ್ಪು ಸೋಲಾಪುರದ ಹಾದಿಯಲ್ಲಿ ರಾತ್ರಿ ನಿಂತುಬಿಟ್ಟಿತು. ಸದಸ್ಯತ್ವವಿತ್ತು, ಕಂಪನಿಯ ಹೆಸರು ಇಲ್ಲಿ ಬೇಡ. ಮೂರು ತಾಸಿನ ಮೇಲೆ ಕ್ರೇನು ಬಂತು. ಮಾಲು ಇಳಿಸಿದ ಹೊರತು ಗಾಡಿಯನ್ನು ಎತ್ತುವುದಿಲ್ಲವೆಂದು ಕ್ರೇನಿನವನು ಹೇಳಿದ. ನಿಯಮವೂ ಹಾಗೆಯೇ ಇತ್ತು. ಚೀಲಗಳನ್ನು ರಸ್ತೆಯ ಮಗ್ಗುಲಿಗೆ ಒಟ್ಟಿ ಕುಳಿತೆವು. ಊರಿಗೆ ಫೋನು ಹೋದ ಮೇಲೆ ಇನ್ನೊಬ್ಬರ ಟೆಂಪೊ ಎದ್ದುಬಂದು ಅವನ್ನು ಬೆಳಗಿನ ಲಿಲಾವಿಗೆ ಮುಟ್ಟಿಸಿತು. ಗಾಡಿಯನ್ನು ಕಂಪನಿ ಉಳಿಸಿತು, ಉಳ್ಳಾಗಡ್ಡಿಯನ್ನು ಊರು ಉಳಿಸಿತು. ಎರಡರಲ್ಲಿ ಆ ರಾತ್ರಿ ನಮಗೆ ಹೆಚ್ಚಿನದು ಯಾವುದೆಂದು ಹೇಳಬೇಕಾಗಿಲ್ಲ. ಒಂದು ದಿನದ ಲಿಲಾವು ತಪ್ಪಿ ಮರುದಿನ ದರ ಕುಸಿದರೆ, ಹತ್ತು ವರ್ಷದ ವರ್ಗಣಿಗಿಂತ ಹೆಚ್ಚಿನ ಹಣ ಒಂದೇ ಮುಂಜಾನೆ ಹೋಗುತ್ತದೆ.

ಆದುದರಿಂದ ನನ್ನ ಅಭಿಪ್ರಾಯದಲ್ಲಿ, ಕಂಪನಿಗೆ ವರ್ಗಣಿ ಕೊಡುವ ಮೊದಲು ಊರಿನಲ್ಲಿ ಒಂದು ವರ್ಗಣಿ ಆಗಬೇಕು. ಊರಲ್ಲಿ ಹದಿನೈದು ಗಾಡಿಗಳಿದ್ದರೆ, ಗಾಡಿಗೆ 300ರಂತೆ 4,500 ರೂಪಾಯಿ ಕೂಡುತ್ತದೆ. ಅದರಲ್ಲಿ ಎಳೆಯುವ ಗಟ್ಟಿ ಹಗ್ಗ, ಬ್ಯಾಟರಿಗೆ ಜೋಡಿಸುವ ತಂತಿ, ಕೆಂಪಗೆ ಹೊಳೆಯುವ ತ್ರಿಕೋನ ಫಲಕಗಳನ್ನು ಕೊಂಡು ಒಂದು ಕಡೆ ಇಡಬೇಕು. ಮಾಲು ಹೋಗುವ ರಾತ್ರಿ ಯಾರ ಗಾಡಿ ಊರಲ್ಲಿ ಸಿದ್ಧವಿರಬೇಕೆಂದು ಪಾಳಿ ಹಚ್ಚಬೇಕು. ಹೋದವನಿಗೆ ಡಿಸೇಲಿನ ಖರ್ಚು ತಪ್ಪದೆ ಕೊಡಬೇಕು. ಲೆಕ್ಕವನ್ನು ಒಂದು ವಹಿಯಲ್ಲಿ ಬರೆದು ಎಲ್ಲರಿಗೂ ಕಾಣುವಂತೆ ಇಟ್ಟರೆ ಜಗಳಕ್ಕೆ ಎಡೆಯಿಲ್ಲ. ನೀರಡಿಸಿದಾಗ ಬಾವಿ ತೋಡಿದರೆ ನೀರು ಸಿಕ್ಕೀತೆ?

ಆದರೆ ಎಳೆಯುವುದರಲ್ಲಿ ಹುಂಬತನ ಬೇಡ. 2017ರ ಮೋಟಾರು ವಾಹನ ಚಾಲನೆಯ ನಿಯಮಗಳಂತೆ ಎಳೆಯುವ ಗಾಡಿಗೂ ಎಳೆಸಿಕೊಳ್ಳುವ ಗಾಡಿಗೂ ನಡುವಿನ ಅಂತರ 5 ಮೀಟರು ಮೀರಬಾರದು, ವೇಗ ಗಂಟೆಗೆ 25 ಕಿಲೋಮೀಟರು ಮೀರಬಾರದು. ಎಂಜಿನು ಬಂದಾದ ಗಾಡಿಯ ಬ್ರೇಕು, ಸ್ಟೀರಿಂಗುಗಳು ಬಿಗಿಯಾಗುತ್ತವೆಂಬುದನ್ನು ಮರೆಯಬಾರದು. ಹತ್ತಿರದ ಗ್ಯಾರೇಜಿನ ವರೆಗೆ ಹಗ್ಗ ಸಾಕು. ರಾತ್ರಿ ಹೆದ್ದಾರಿಯಲ್ಲಿ ದೂರ ಎಳೆಯುವುದು ಕ್ರೇನಿನ ಕೆಲಸವೇ.

ಹಾಗಾದರೆ ಸದಸ್ಯತ್ವ ಯಾರಿಗೆ ಬೇಕು? ಹೊಲ, ಸಂತೆ, ಅಕ್ಕಲಕೋಟ ಇಷ್ಟರಲ್ಲಿಯೇ ತಿರುಗಾಡುವ ಬೈಕಿಗೂ ಗಾಡಿಗೂ ಬೇಕಾಗಿಲ್ಲ; ಆ ಹಣದಲ್ಲಿ ಸವೆದ ಟಾಯರು ಬದಲಿಸುವುದು ಮೇಲು. ವಾರವಾರವೂ ಸೋಲಾಪುರಕ್ಕೆ ಮಾಲು ಒಯ್ಯುವ ಹಳೆಯ ಪಿಕಪ್ಪಿಗೆ, ಅದರ ಜಾತಿಯ ಗಾಡಿಯನ್ನು ಒಪ್ಪುವ ಯೋಜನೆ ಸಿಕ್ಕರೆ, ಊರಿನ ಏರ್ಪಾಡಿನ ಜೊತೆಗೆ ಇದೂ ಇರಲಿ. ಪುಣೆಗೋ ಬೆಂಗಳೂರಿಗೋ ಹೆಂಡಿರು ಮಕ್ಕಳೊಂದಿಗೆ ಮೇಲಿಂದ ಮೇಲೆ ಕಾರಿನಲ್ಲಿ ಹೋಗುವವರು ಕೊಳ್ಳುವುದು ಒಳ್ಳೆಯದು. ಗುರುತಿಲ್ಲದ ಸೀಮೆಯಲ್ಲಿ ಕೆಟ್ಟು ನಿಂತಾಗ ಊರಿನ ಹಗ್ಗ ಅಲ್ಲಿಗೆ ಮುಟ್ಟುವುದಿಲ್ಲ.

ಹಣ ಕಟ್ಟಿದ ಮೇಲೆ ಹೇಳಿದ ನೆರವು ಬಾರದಿದ್ದರೆ ಸುಮ್ಮನೆ ಕುಳಿತುಕೊಳ್ಳಬೇಡಿರಿ. ಫೋನು ಮಾಡಿದ ವೇಳೆ, ಅವರು ಕೊಟ್ಟ ದೂರಿನ ನಂಬರು, ಕೈಯಿಂದ ತೆತ್ತ ಹಣದ ಪಾವತಿ ಇವನ್ನು ಜೋಪಾನ ಮಾಡಿ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ 1915 ನಂಬರಿಗೆ ತಿಳಿಸಿರಿ. ಅಲ್ಲಿ ಕನ್ನಡದಲ್ಲಿಯೂ ಮಾತಾಡಬಹುದು. ಗಡಿಯ ಆಚೆಗಿರುವ ನಾವು ನಮ್ಮ ಭಾಷೆಯಲ್ಲಿ ಕೇಳಿ ಪಡೆಯಬಹುದಾದುದನ್ನು ಸಂಕೋಚದಿಂದ ಬಿಟ್ಟುಕೊಡಬಾರದು.

ಮುಂದಿನ ಉಳ್ಳಾಗಡ್ಡಿ ಪೇಟೆಗೆ ಹೊರಡುವ ಮೊದಲು ಪ್ರತಿ ಊರಿನಲ್ಲಿಯೂ ಗಾಡಿಯುಳ್ಳವರು ಒಂದು ಸಂಜೆ ಗುಡಿಯ ಕಟ್ಟೆಯ ಮೇಲೆ ಕೂಡಿ ಈ ಲೆಕ್ಕ ಹಾಕಲಿ. ಕಂಪನಿಯ ಕಾಗದವನ್ನು ಓದುವುದು ಆಮೇಲೆ ಇದ್ದೇ ಇದೆ.