ಸನ್‌ರೂಫ್ ಇರಲಿ ಬಿಡಿ, ಕೂಸಿಗೆ ಸೀಟೆಲ್ಲಿ?

ನಮ್ಮ ಕಡೆ ಕಾರು ಕೊಳ್ಳುವ ಮನೆಯಲ್ಲಿ ಮೊದಲು ಕೇಳುವುದು ಮೈಲೇಜು. ಆಮೇಲೆ, ನಾಲ್ಕು ವರ್ಷ ಓಡಿಸಿ ಮಾರಿದರೆ ಎಷ್ಟು ಬರುತ್ತದೆ ಎಂಬುದು. ಮೂರನೆಯದು ಬಣ್ಣ. ಈಗ ಹೊಸದಾಗಿ ಸನ್‌ರೂಫ್ ಕೂಡ ಸೇರಿಕೊಂಡಿದೆ. ಎಲ್ಲಾದರೂ ಡಿಕ್ಕಿಯಾದರೆ ಒಳಗೆ ಕೂತವರ ಗತಿ ಏನು ಎಂದು ಕೇಳುವವರು ಕಡಿಮೆ. ಕೇಳಿದರೆ, ‘ಬಿಡ್ತು ಅನ್ನು’ ಎಂದು ಬಾಯಿ ಮುಚ್ಚಿಸುತ್ತಾರೆ.

ನಮ್ಮೂರು ಶಿರಾ ತಾಲ್ಲೂಕಿನ ಬರಗೂರು. ನಾನು ತುಮಕೂರಿನಲ್ಲಿ ಮೆಕ್ಯಾನಿಕಲ್ ಬಿ.ಇ. ಐದನೇ ಸೆಮಿಸ್ಟರ್ ಓದುತ್ತಿದ್ದೇನೆ. ಅಕ್ಕ ಬಾಣಂತನಕ್ಕೆ ಬಂದಿದ್ದಾಳೆ, ಮಗಳಿಗೆ ಈಗ ಎರಡು ತಿಂಗಳು. ಐದನೇ ತಿಂಗಳಲ್ಲಿ ಕಳಿಸಿಕೊಡುವುದು ಎಂದು ಹಿರಿಯರು ಮಾತಾಡಿಕೊಂಡಿದ್ದಾರೆ. ಭಾವ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾರೆ. ಅವರ ಮನೆಯಲ್ಲಿ ಎರಡು ನಾಯಿಗಳಿವೆ: ಒಂದು ಲ್ಯಾಬ್ರಡಾರ್, ಇನ್ನೊಂದು ನಮ್ಮ ತೋಟದಿಂದಲೇ ಹೋದ ನಾಟಿ ನಾಯಿ ಕರಿಯ. ಇಷ್ಟು ದಿನ ಗಂಡ ಹೆಂಡತಿ ಊರಿಗೆ ಬರುವಾಗ ಬಸ್ಸು ಹತ್ತುತ್ತಿದ್ದರು, ನಾಯಿಗಳನ್ನು ಪಕ್ಕದ ಮನೆಯವರು ನೋಡಿಕೊಳ್ಳುತ್ತಿದ್ದರು. ಇನ್ನು ಅದು ಆಗದ ಮಾತು. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ ಶೇ 18ಕ್ಕೆ ಇಳಿದ ಮೇಲೆ ಭಾವನೂ ಮನಸ್ಸು ಮಾಡಿದ್ದಾರೆ. ‘ಮನೇಲಿ ಎಂಜಿನಿಯರು ಇದ್ದೀಯ, ಯಾವ್ದು ತಗಳಾನ ನೀನೇ ಹೇಳಮ್ಮ’ ಎಂದು ಅಪ್ಪ ನನ್ನ ಕಡೆ ತಿರುಗಿದರು.

ಹೇಳುತ್ತೇನೆ. ಇದೇ ಪ್ರಶ್ನೆ ಈ ಪುಟ ಓದುವ ಬಹಳಷ್ಟು ಮಂದಿಗೆ ಇಂದಲ್ಲ ನಾಳೆ ಬಂದೇ ಬರುತ್ತದೆ. ನಾವು ಯಾವ ಬ್ರಾಂಚ್ ಓದುತ್ತಿದ್ದರೂ ಮನೆಯವರ ಕಣ್ಣಿಗೆ ಫ್ಯಾನು ರಿಪೇರಿಯಿಂದ ಕಾರಿನವರೆಗೆ ಎಲ್ಲ ಗೊತ್ತಿರುವ ಎಂಜಿನಿಯರುಗಳೇ ತಾನೆ!

ಮೊದಲು ಒಂದು ಸಣ್ಣ ಲೆಕ್ಕ. ಗಂಟೆಗೆ 50 ಕಿ.ಮೀ. ಎಂದರೆ ಸೆಕೆಂಡಿಗೆ ಸುಮಾರು 14 ಮೀಟರ್. ಆ ವೇಗದಲ್ಲಿರುವ ಕಾರು ಯಾವುದಕ್ಕೋ ಗುದ್ದಿ ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ನಿಂತಿತು ಅಂದುಕೊಳ್ಳಿ. ಒಳಗಿರುವ ಪ್ರತಿಯೊಂದು ವಸ್ತುವೂ ಆ ಕ್ಷಣಕ್ಕೆ ತನ್ನ ತೂಕದ 14 ಪಟ್ಟು ಬಲದಲ್ಲಿ ಮುಂದಕ್ಕೆ ನುಗ್ಗುತ್ತದೆ. ಐದು ಕೆ.ಜಿ.ಯ ಕೂಸು 70 ಕೆ.ಜಿ. ಭಾರವಾಗುತ್ತದೆ. ಸಿಮೆಂಟು ಮೂಟೆಯೇ 50 ಕೆ.ಜಿ. ಇರುವುದು. ಅದಕ್ಕಿಂತ ಭಾರವಾದ ಮೂಟೆಯೊಂದನ್ನು ಯಾರೋ ಕಣ್ಣು ಮಿಟುಕಿಸುವುದರೊಳಗೆ ನಿಮ್ಮ ಕೈಯಿಂದ ಕಿತ್ತುಕೊಂಡರೆ ಹಿಡಿದುಕೊಳ್ಳುತ್ತೀರಾ? ಯಾವ ತಾಯಿಯೂ ಹಿಡಿಯಲಾರಳು. ಅದು ಪ್ರೀತಿಯ ಪ್ರಶ್ನೆಯಲ್ಲ, ನ್ಯೂಟನ್‌ ಪ್ರಶ್ನೆ. ಅಮ್ಮ ಬೆಲ್ಟ್ ಹಾಕಿರದಿದ್ದರೆ ಇನ್ನೂ ಕಷ್ಟ. ಅವಳ 60 ಕೆ.ಜಿ. ಮೈ 840 ಕೆ.ಜಿ.ಯಾಗಿ ಮಗುವಿನ ಮೇಲೆಯೇ ಬೀಳುತ್ತದೆ. ಹಿಂದೆ ಬಿಟ್ಟಿ ನಿಂತಿರುವ 25 ಕೆ.ಜಿ.ಯ ಲ್ಯಾಬ್ರಡಾರ್ 350 ಕೆ.ಜಿ. ಇವೆಲ್ಲ ಊರೊಳಗಿನ ವೇಗಕ್ಕೆ. ಶಿರಾ ದಾಟಿ ಹೆದ್ದಾರಿಯಲ್ಲಿ 80ಕ್ಕೆ ಏರಿದರೆ ಚಲನಶಕ್ತಿ ಎರಡೂವರೆ ಪಟ್ಟಿಗೂ ಹೆಚ್ಚು.

ಈ ಲೆಕ್ಕ ಹೇಳಿದಾಗ ಅಜ್ಜಿ ಒಪ್ಪಲಿಲ್ಲ. ‘ನಾವೆಲ್ಲ ಮಕ್ಳನ್ನ ಮಡ್ಲಲ್ಲೇ ಬೆಳೆಸ್ಲಿಲ್ವೇನೆ? ಕೂಸಿಗೆ ತಾಯಿ ಮಡ್ಲಿಗಿಂತ ಬೇರೆ ಜಾಗ ಬೇಕಾ?’ ಎಂದಳು. ಅಜ್ಜಿಯ ಮಾತು ಅವಳ ಕಾಲಕ್ಕೆ ಸರಿಯೇ. ತವರಿಂದ ಗಂಡನ ಮನೆಗೆ ಅವಳು ಮಗು ಕರೆದುಕೊಂಡು ಹೋಗಿದ್ದು ಎತ್ತಿನ ಗಾಡಿಯಲ್ಲಿ. ಎತ್ತು ನಡೆಯುವ ವೇಗಕ್ಕೆ ಮಡಿಲು ಸಾಕು.

ಹಾಗಾದರೆ ಕೂಸು ಕೂರುವುದೆಲ್ಲಿ? ಹಿಂದಿನ ಸೀಟಿನಲ್ಲಿ, ಮಕ್ಕಳಿಗೆಂದೇ ಮಾಡಿದ ಸೀಟಿನಲ್ಲಿ, ಕಾರಿನ ಹಿಂಭಾಗಕ್ಕೆ ಮುಖ ಮಾಡಿ. ‘ಬೆನ್ನು ತಿರುಗಿಸಿ ಕೂರಿಸ್ತೀರಾ?’ ಎಂದು ಮನೆಯಲ್ಲಿ ಎಲ್ಲರೂ ಹುಬ್ಬೇರಿಸಿದ್ದು ಇಲ್ಲೇ. ನವಜಾತ ಶಿಶುವಿನ ತಲೆ ಮೈಯುದ್ದದ ಕಾಲು ಭಾಗದಷ್ಟಿರುತ್ತದೆ, ಕತ್ತಿನ ಮೂಳೆಗಳು ಇನ್ನೂ ಬಲಿತಿರುವುದಿಲ್ಲ. ಮುಂದಕ್ಕೆ ಮುಖ ಮಾಡಿದ್ದರೆ ಡಿಕ್ಕಿಯಲ್ಲಿ ಬೆಲ್ಟ್ ಮೈಯನ್ನು ಹಿಡಿಯುತ್ತದೆ, ಆ ಭಾರದ ತಲೆ ಮಾತ್ರ ಮುಂದಕ್ಕೆ ಚಿಮ್ಮುತ್ತದೆ. ಹಿಂದಕ್ಕೆ ಮುಖವಿದ್ದರೆ ಸೀಟಿನ ಬೆನ್ನು ತಲೆ, ಕತ್ತು, ಬೆನ್ನು ಮೂರನ್ನೂ ಒಟ್ಟಿಗೆ ತಡೆದುಕೊಳ್ಳುತ್ತದೆ. ಯುರೋಪಿನಲ್ಲಿ ಬಳಕೆಯಲ್ಲಿರುವ ವಿಶ್ವಸಂಸ್ಥೆಯ ಆರ್129 ನಿಯಮದ ಪ್ರಕಾರ 15 ತಿಂಗಳು ತುಂಬುವವರೆಗೂ ಹೀಗೆಯೇ ಕೂರಿಸಬೇಕು. ಆದರೆ ಏರ್‌ಬ್ಯಾಗ್ ಇರುವ ಮುಂದಿನ ಸೀಟಿಗೆ ಇದನ್ನು ಎಂದೂ ಕಟ್ಟಬಾರದು. ಉಬ್ಬುವ ಏರ್‌ಬ್ಯಾಗ್ ಸೀಟಿನ ಬೆನ್ನಿಗೇ, ಎಂದರೆ ಮಗುವಿನ ತಲೆಯ ಹಿಂದೆಯೇ ಗುದ್ದುತ್ತದೆ. ಮುಂದಿನ ಸೀಟಿನ ಬಿಸಿಲು ಪಟ್ಟಿ ಮಡಚಿ ನೋಡಿ, ಇದರ ಎಚ್ಚರಿಕೆಯ ಚಿತ್ರ ಅಲ್ಲೇ ಅಂಟಿಸಿರುತ್ತಾರೆ.

ಭಾವ, ಅಪ್ಪ, ನಾನು ಒಂದು ಷೋರೂಮಿಗೆ ಹೋಗಿದ್ದೆವು. ಹಿಂದಿನ ಸೀಟಿನಲ್ಲಿ ಐಸೊಫಿಕ್ಸ್ ಕೊಂಡಿ ಎಲ್ಲಿದೆ ತೋರಿಸಿ ಎಂದು ಕೇಳಿದೆ. ಮಗುವಿನ ಸೀಟನ್ನು ಕಾರಿನ ಚೌಕಟ್ಟಿಗೇ ಕಚ್ಚಿಸುವ ಎರಡು ಕಬ್ಬಿಣದ ಕೊಂಡಿಗಳವು. ಮಾರಾಟದ ಹುಡುಗ ನನ್ನನ್ನು ನೋಡಲಿಲ್ಲ, ಅಪ್ಪನನ್ನು ನೋಡಿ, ‘ಸರ್, ಮೇಡಂಗೆ ಟಚ್‌ಸ್ಕ್ರೀನ್ ತೋರಿಸ್ಲಾ?’ ಎಂದ. ಸೀಟಿನ ಸಂದಿಗೆ ಕೈ ತೂರಿಸಿ ನಾನೇ ಹುಡುಕಿಕೊಂಡೆ. ಬಿಡಿಭಾಗಗಳ ಪಟ್ಟಿಯಲ್ಲಿ ಕ್ರೋಮ್ ಪಟ್ಟಿ, ನೀಲಿ ದೀಪ, ಮಡ್‌ಫ್ಲ್ಯಾಪ್ ಎಲ್ಲ ಇತ್ತು. ಮಗುವಿನ ಸೀಟು ಇರಲಿಲ್ಲ. ಎರಡು ಸಲ ಸನ್‌ರೂಫ್ ತೆರೆದು ಮುಚ್ಚಿ, ‘ಮಕ್ಕಳಿಗೆ ತುಂಬಾ ಇಷ್ಟ ಆಗುತ್ತೆ ಸರ್’ ಎಂದು ಬೇರೆ ಹೇಳಿದ. 2025ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಸನ್‌ರೂಫ್‌ನಿಂದ ತಲೆ ಹೊರಹಾಕಿ ನಿಂತಿದ್ದ ಹುಡುಗನ ತಲೆ ರಸ್ತೆಗೆ ಅಡ್ಡವಿದ್ದ ಕಬ್ಬಿಣದ ಕಂಬಿಗೆ ಬಡಿದ ವಿಡಿಯೊ ನಾವೆಲ್ಲ ನೋಡಿದ್ದೇವೆ.

ನಮ್ಮ ತಕರಾರು ಇಲ್ಲೇ. ಸನ್‌ರೂಫ್ ಇರುವ ಮಾದರಿಗೆ ಹೆಚ್ಚುವರಿ ಹಣ ಕೊಡಲು ಯಾರೂ ಹಿಂದೆ ಮುಂದೆ ನೋಡುವುದಿಲ್ಲ. ಅದರ ಒಂದು ಸಣ್ಣ ಪಾಲಿಗೆ ಮಗುವಿನ ಸೀಟು ಬರುತ್ತದೆ. ‘ಒಂದು ವರ್ಷ ಕೂರೋಕೆ ಅಷ್ಟ್ಯಾಕೆ’ ಎನ್ನುವುದು ಅಪ್ಪನ ವಾದ. ನನ್ನ ಉತ್ತರ ತೊಟ್ಟಿಲು. ನಮ್ಮ ಮನೆಯ ತೊಟ್ಟಿಲಲ್ಲಿ ಅಪ್ಪನೂ ಮಲಗಿದ್ದಾರೆ, ನಾವೂ ಮಲಗಿದ್ದೇವೆ, ನಡುವೆ ದಾಯಾದಿಗಳ ನಾಲ್ಕಾರು ಮನೆಗೆ ಹೋಗಿ ಬಂದಿದೆ. ಸೀಟನ್ನೂ ಹಾಗೆಯೇ ನೆಂಟರಲ್ಲಿ ಕೈಯಿಂದ ಕೈಗೆ ದಾಟಿಸಬಹುದು. ಒಮ್ಮೆಯೂ ಅಪಘಾತ ಕಂಡಿರಬಾರದು, ಪ್ಲಾಸ್ಟಿಕ್ಕಿನ ಮೇಲೆ ಅಚ್ಚಾದ ಅವಧಿ ಮುಗಿದಿರಬಾರದು. ಈ ಎರಡು ಖಾತ್ರಿಯಾಗದ ಸೀಟು ಪುಕ್ಕಟೆ ಸಿಕ್ಕರೂ ಬೇಡ.

ಇನ್ನು ನಾಯಿಗಳು. ಇದನ್ನು ಓದಿ ನಗುವವರು ನಗಲಿ. ರಾತ್ರಿ ಕರಡಿ, ಚಿರತೆಯ ಭಯದಲ್ಲಿ ತೋಟದಲ್ಲಿ ಮಲಗುವ ನಮ್ಮ ಕಡೆಯವರಿಗೆ ನಾಯಿ ಮನೆಮಂದಿಯಲ್ಲಿ ಒಂದು. ಕರಿಯನನ್ನು ಬಿಟ್ಟು ಹೊರಡುವುದು ಅಕ್ಕನಿಗೂ ಆಗದು. ನಾಯಿಗೂ ಕಾರಿಗೂ ಸಂಬಂಧಿಸಿ ಯಾವ ಷೋರೂಮೂ ಹೇಳದ ಸಂಗತಿಗಳಿವೆ. ಮೈಲೇಜಿನ ಆಸೆಗೆ ಸಿಎನ್‌ಜಿ ಕಾರು ನೋಡಿದ್ದೆವು. ಡಿಕ್ಕಿ ತೆರೆದರೆ ಸಿಲಿಂಡರೇ ಅಡ್ಡ ಮಲಗಿತ್ತು. ಎರಡು ಸಣ್ಣ ಸಿಲಿಂಡರುಗಳನ್ನು ಕೆಳಗಿಟ್ಟು ಜಾಗ ಉಳಿಸುವ ಮಾದರಿಗಳೂ ಇವೆ, ಆದರೂ ಎರಡು ನಾಯಿಗೆ ಸಾಲದು. ಸೆಡಾನಿನ ಡಿಕ್ಕಿ ಮುಚ್ಚಿದ ಪೆಟ್ಟಿಗೆ, ಜೀವವಿರುವ ಯಾವುದಕ್ಕೂ ಅಲ್ಲ. ಹಿಂಬಾಗಿಲು ಪೂರ್ತಿ ಮೇಲಕ್ಕೆ ತೆರೆಯುವ, ಹಿಂಭಾಗ ಕ್ಯಾಬಿನ್ನಿಗೇ ಸೇರಿದ ಕಾರು ಬೇಕು. ಹಿಂದಿನ ಸೀಟಿಗೂ ಆ ಜಾಗಕ್ಕೂ ನಡುವೆ ಗಟ್ಟಿಯಾದ ಜಾಲರಿ ಕೂರಿಸಬೇಕು. ಅದು ಬಟ್ಟೆಯ ಬಲೆಯಾದರೆ 350 ಕೆ.ಜಿ.ಗೆ ನಿಲ್ಲುವುದಿಲ್ಲ. ಕೊರಳಪಟ್ಟಿಗೆ ಹಗ್ಗ ಕಟ್ಟಿದರೆ ಡಿಕ್ಕಿಯಲ್ಲಿ ಕುತ್ತಿಗೆಯೇ ಮುರಿದೀತು. ಎದೆಗೆ ಹಾಕುವ ಪಟ್ಟಿಯಿಂದ ಕಟ್ಟಬೇಕು. ಡಿಕ್ಕಿಯ ಅಂಚು ಎಷ್ಟು ಎತ್ತರವಿದೆ ಎಂದೂ ನೋಡಿ; ವಯಸ್ಸಾದ ನಾಯಿಯನ್ನು ದಿನಾ ಎತ್ತಿ ಹತ್ತಿಸುವವರು ನೀವೇ. ಕಿಟಕಿಯ ಗುಂಡಿ ಮೇಲೆ ನಾಯಿ ಕಾಲಿಟ್ಟರೆ ಗಾಜು ಇಳಿಯುತ್ತದೆ, ಚಾಲಕನ ಬಳಿಯ ಲಾಕ್ ಗುಂಡಿ ಇರುವುದು ಅದಕ್ಕೆ. ನಮ್ಮ ಶಿರಾ ಸೀಮೆಯ ಏಪ್ರಿಲ್ ಬಿಸಿಲಲ್ಲಿ ಗಾಜು ಏರಿಸಿ ನಿಲ್ಲಿಸಿದ ಕಾರು ಕೆಲವೇ ನಿಮಿಷದಲ್ಲಿ ಒಲೆಯಾಗುತ್ತದೆ. ಟೀ ಕುಡಿದು ಬರುವಷ್ಟು ಹೊತ್ತೂ ಕೂಸನ್ನಾಗಲಿ ನಾಯಿಯನ್ನಾಗಲಿ ಒಳಗೆ ಬಿಡುವಂತಿಲ್ಲ.

‘ಏಳು ಸೀಟಿನದೇ ತಗಳಾನ, ಎಲ್ರೂ ಹಿಡೀತಾರೆ’ ಎಂದರು ಅಪ್ಪ. ಕೊನೆಯ ಸಾಲು ಮಡಚಿಟ್ಟರೆ ಸರಿ. ಅದರಲ್ಲಿ ಜನ ಕೂತರೆ ನಾಯಿಗೆ ಜಾಗವಿಲ್ಲ, ಕೂತವರ ತಲೆಗೂ ಹಿಂಬದಿ ಗಾಜಿಗೂ ಗೇಣು ಅಂತರ. ನನ್ನ ಮತ ಐದು ಸೀಟಿನ, ಡಿಕ್ಕಿ ದೊಡ್ಡದಾದ ಕಾರಿಗೆ.

ಸ್ಟಾರ್‌ಗಳ ವಿಷಯಕ್ಕೆ ಬರೋಣ. 2014ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ನಮ್ಮ ಐದು ಜನಪ್ರಿಯ ಸಣ್ಣ ಕಾರುಗಳನ್ನು ಗುದ್ದಿಸಿ ನೋಡಿದಾಗ ಐದಕ್ಕೂ ಸೊನ್ನೆ ಬಂದಿತ್ತು. ಅವುಗಳಲ್ಲಿ ಒಂದಾದ ಪೋಲೊಗೆ ಎರಡು ಏರ್‌ಬ್ಯಾಗ್ ಹಾಕಿ ಮತ್ತೆ ಗುದ್ದಿಸಿದರೆ ನಾಲ್ಕು ಸ್ಟಾರ್! ಆಮೇಲೆ ನಮ್ಮದೇ ಭಾರತ್ ಎನ್‌ಕ್ಯಾಪ್ 2023ರ ಅಕ್ಟೋಬರ್‌ನಿಂದ ಶುರುವಾಯಿತು. ಅದೇ ಡಿಸೆಂಬರ್‌ನಲ್ಲಿ ಹ್ಯಾರಿಯರ್, ಸಫಾರಿಗಳಿಗೆ ಮೊದಲ ಐದು ಸ್ಟಾರ್ ಸಿಕ್ಕಿತು. ಜಾಹೀರಾತಿನಲ್ಲಿ ದೊಡ್ಡದಾಗಿ ಕಾಣುವ ಸ್ಟಾರು ದೊಡ್ಡವರದ್ದೋ ಮಕ್ಕಳದ್ದೋ ಎಂದು ನೋಡಿಕೊಳ್ಳಿ. ಇವೆರಡಕ್ಕೂ ಬೇರೆ ಬೇರೆ ಅಂಕ: ದೊಡ್ಡವರಿಗೆ 32ಕ್ಕೆ, ಮಕ್ಕಳಿಗೆ 49ಕ್ಕೆ. ಗ್ಲೋಬಲ್ ಎನ್‌ಕ್ಯಾಪ್ 2023ರಲ್ಲಿ ಪರೀಕ್ಷಿಸಿದ ಆಲ್ಟೊ ಕೆ10ಗೆ ದೊಡ್ಡವರ ವಿಭಾಗದಲ್ಲಿ ಎರಡು ಸ್ಟಾರ್, ಮಕ್ಕಳ ವಿಭಾಗದಲ್ಲಿ ಸೊನ್ನೆ ಬಂದಿತ್ತು. ಇನ್ನೊಂದು ಸೂಕ್ಷ್ಮವಿದೆ. ಭಾರತ್ ಎನ್‌ಕ್ಯಾಪ್‌ನ ಮಕ್ಕಳ ಪರೀಕ್ಷೆಯಲ್ಲಿ ಕೂರಿಸುವುದು ಒಂದೂವರೆ ವರ್ಷದ ಮತ್ತು ಮೂರು ವರ್ಷದ ಗೊಂಬೆಗಳನ್ನು, ಅದೂ ಮಕ್ಕಳ ಸೀಟಿನಲ್ಲಿ. ನಮ್ಮ ಐದು ತಿಂಗಳ ಕೂಸಿನ ಪ್ರತಿನಿಧಿ ಅಲ್ಲಿಲ್ಲ. ಮಡಿಲಲ್ಲಿ ಕೂತ ಗೊಂಬೆಯಂತೂ ಇಲ್ಲವೇ ಇಲ್ಲ. ಅಂದರೆ ಐದು ಸ್ಟಾರಿನ ಕಾರು ಕೊಂಡು ಮಗುವನ್ನು ತೊಡೆ ಮೇಲೆ ಕೂರಿಸಿಕೊಂಡರೆ, ಆ ಸ್ಟಾರಿಗೂ ಮಗುವಿಗೂ ಸಂಬಂಧವೇ ಇಲ್ಲ.

‘ಕೋಟಿ ರೂಪಾಯಿ ಕಾರಲ್ಲಿದ್ದೋರೇ ಉಳೀಲಿಲ್ಲ, ನಿನ್ ಸ್ಟಾರ್ ಏನ್ ಮಾಡುತ್ತೆ?’ ಇದು ಟೀ ಅಂಗಡಿಯಲ್ಲಿ ಭಾವನಿಗೆ ಎದುರಾದ ಪ್ರಶ್ನೆ. 2024ರ ಡಿಸೆಂಬರ್ 21ರಂದು ನೆಲಮಂಗಲದ ಬಳಿ ಇದೇ 48ನೇ ಹೆದ್ದಾರಿಯಲ್ಲಿ ಕಂಟೇನರ್ ಲಾರಿ ವೋಲ್ವೊ ಕಾರಿನ ಮೇಲೆ ಮಗುಚಿ ಒಂದೇ ಕುಟುಂಬದ ಆರು ಮಂದಿ ತೀರಿಕೊಂಡರು. ಅಕ್ಕ, ಮಗು ಹೋಗಬೇಕಾದ ದಾರಿ ಅದೇ. ಆ ಪ್ರಶ್ನೆಯನ್ನು ತಳ್ಳಿಹಾಕಲು ನನ್ನಿಂದಾಗದು. ಟನ್ನುಗಟ್ಟಲೆ ಭಾರ ಮೇಲಿನಿಂದ ಬಿದ್ದರೆ ತಡೆಯುವ ಕಾರನ್ನು ಯಾರೂ ಮಾಡಿಲ್ಲ. ಆದರೆ ಎಲ್ಲ ಅಪಘಾತವೂ ಹಾಗಿರುವುದಿಲ್ಲ. ಕೇಂದ್ರ ಸಾರಿಗೆ ಇಲಾಖೆಯ ವರದಿಯಂತೆ 2022ರಲ್ಲಿ ಸೀಟ್ ಬೆಲ್ಟ್ ಹಾಕದೆ ಸತ್ತವರು 16,715 ಜನ. ಅವರಲ್ಲಿ ಅರ್ಧದಷ್ಟು ಮಂದಿ ಪ್ರಯಾಣಿಕರು. ಇವರ ಮೇಲೆಲ್ಲ ಕಂಟೇನರ್ ಬಿದ್ದಿರಲಿಲ್ಲ. ಅಂದಹಾಗೆ, ಇಂದು ಎಲ್ಲ ಕಾರಿನಲ್ಲೂ ಇರುವ ಮೂರು ಬಿಂದುವಿನ ಬೆಲ್ಟನ್ನು 1959ರಲ್ಲಿ ರೂಪಿಸಿದ್ದು ಅದೇ ವೋಲ್ವೊದ ಎಂಜಿನಿಯರ್ ನಿಲ್ಸ್ ಬೋಲಿನ್. ಕಂಪನಿ ಅದರ ಪೇಟೆಂಟನ್ನು ಎಲ್ಲರಿಗೂ ಬಿಟ್ಟುಕೊಟ್ಟಿತು. ಲಕ್ಷದ ಕಾರಿಗೂ ಕೋಟಿಯ ಕಾರಿಗೂ ಅದೇ ಪಟ್ಟಿ.

ಕೆಲಸ ಸಿಕ್ಕ ಮೇಲೆ ನಮ್ಮಲ್ಲಿ ಬಹುತೇಕರ ಮೊದಲ ಕಾರು ಸೆಕೆಂಡ್‌ಹ್ಯಾಂಡೇ ಆಗಿರುತ್ತದೆ. ಅಂಥವರು ತಯಾರಾದ ವರ್ಷ ನೋಡಿ. ಚಾಲಕನ ಏರ್‌ಬ್ಯಾಗ್ ಕಡ್ಡಾಯವಾದದ್ದು 2019ರ ಜುಲೈಯಿಂದ. ಪಕ್ಕದವರಿಗೆ ಎಲ್ಲ ಮಾದರಿಗಳಲ್ಲೂ ಬಂದದ್ದು 2021 ಮುಗಿದ ಮೇಲೆ. ಅದಕ್ಕೂ ಹಿಂದಿನ ಕಾರಾದರೆ ಯಾವ ಮಾದರಿ, ಒಳಗೆ ಏನಿದೆ ಎಂದು ವಿಚಾರಿಸಿಯೇ ಮುಂಗಡ ಕೊಡಿ.

ಕಾನೂನು ಇಲ್ಲವೇ ಎಂದರೆ, ಇದೆ. 2019ರ ತಿದ್ದುಪಡಿಯಂತೆ 14 ವರ್ಷದೊಳಗಿನ ಮಗುವನ್ನು ಬೆಲ್ಟ್ ಅಥವಾ ಮಕ್ಕಳ ಸೀಟಿಲ್ಲದೆ ಕರೆದೊಯ್ದರೆ ಸಾವಿರ ರೂಪಾಯಿ ದಂಡ. ಬೈಕಿನಲ್ಲಿ ಒಂಬತ್ತು ತಿಂಗಳಿಂದ ನಾಲ್ಕು ವರ್ಷದ ಮಗುವಿಗೆ ಹೆಲ್ಮೆಟ್, ಕಟ್ಟುಪಟ್ಟಿ, 40 ಕಿ.ಮೀ. ಮಿತಿ ಎಂಬ ನಿಯಮವೂ 2023ರ ಫೆಬ್ರುವರಿಯಿಂದ ಇದೆ. ದಂಡ ಹಾಕಿದ್ದನ್ನು ನಾನಂತೂ ನೋಡಿಲ್ಲ. ದಂಡದಿಂದಲೇ ಎಲ್ಲ ಸರಿಹೋಗುತ್ತದೆ ಎಂದೂ ನನಗನ್ನಿಸುವುದಿಲ್ಲ. 2022ರ ಆಗಸ್ಟ್ 25ರ ಬೆಳಗಿನ ಜಾವ ನಮ್ಮ ತಾಲ್ಲೂಕಿನ ಕಳ್ಳಂಬೆಳ್ಳ ಬಳಿ ರಾಯಚೂರು ಕಡೆಯಿಂದ ಕೂಲಿಗೆ ಬೆಂಗಳೂರಿಗೆ ಹೊರಟಿದ್ದವರ ವಾಹನ ಲಾರಿಗೆ ಡಿಕ್ಕಿಯಾಗಿ ಒಂಬತ್ತು ಮಂದಿ ಸತ್ತರು, ಅವರಲ್ಲಿ ಮಕ್ಕಳೂ ಇದ್ದರು. ಅಂಥ ವಾಹನಗಳಲ್ಲಿ ಒತ್ತಿಕೊಂಡು ಹೋಗುವವರ ಮುಂದೆ ಮಗುವಿನ ಸೀಟಿನ ಮಾತಾಡುವುದು ಅಣಕವಾಗುತ್ತದೆ. ಅವರಿಗೆ ಬೇಕಾದದ್ದು ಬಸ್ಸು. ಆದರೆ ಎಂಟು ಹತ್ತು ಲಕ್ಷದ ಸಾಲ ಮಾಡಿ ಕಾರು ಕೊಳ್ಳುವ ನಮಗೆ ಆ ನೆಪ ಇಲ್ಲ. ಕಾರಿನ ತೆರಿಗೆ ಇಳಿಸಿದ ಸರ್ಕಾರ, ಮಕ್ಕಳಿರುವ ಮನೆಗೆ ಮಾರುವ ಕಾರಿನ ಜೊತೆ ಸೀಟನ್ನೂ ತೋರಿಸಲೇಬೇಕು ಎಂದು ಮಾರಾಟಗಾರರಿಗೆ ಹೇಳಬಹುದು. ಹೆರಿಗೆ ಆಸ್ಪತ್ರೆಯಿಂದ ಬಿಡುಗಡೆ ಮಾಡುವಾಗ ಲಸಿಕೆಯ ಕಾರ್ಡಿನ ಜೊತೆ ಇದನ್ನೂ ಎರಡು ಮಾತಲ್ಲಿ ತಿಳಿಸಬಹುದು.

ಮನೆಯಲ್ಲಿ ಸದ್ಯಕ್ಕೆ ಆಗಿರುವ ಒಪ್ಪಂದ ಇಷ್ಟು: ಸನ್‌ರೂಫ್ ಇಲ್ಲದ ಮಾದರಿ, ಉಳಿದ ದುಡ್ಡಲ್ಲಿ ಸೀಟು ಮತ್ತು ಜಾಲರಿ. ಅಕ್ಕ ಹಿಂದೆ ಕೂಸಿನ ಪಕ್ಕ ಕೂರುತ್ತಾಳೆ, ಹಾಲು ಕುಡಿಸಲು ತುಮಕೂರಿನ ಹತ್ತಿರ ಒಮ್ಮೆ ನಿಲ್ಲಿಸಬೇಕು. ಅಜ್ಜಿ ಇನ್ನೂ ಒಪ್ಪಿಲ್ಲ. ಸೀಟು ಬಂದ ದಿನ ಕೂಸನ್ನು ಮೊದಲು ಮನೆಯೊಳಗೇ ಕೂರಿಸಿ ನೋಡಬೇಕಂತೆ, ಅತ್ತರೆ ವಾಪಸ್ಸಂತೆ. ಎಣ್ಣೆ ನೀರು ಹಾಕಿ, ಹೊಟ್ಟೆ ತುಂಬಿಸಿ, ನಿದ್ದೆ ಬರುವ ಹೊತ್ತಿಗೆ ಕೂರಿಸು ಎಂದು ಅಕ್ಕನಿಗೆ ಹೇಳಿಟ್ಟಿದ್ದೇನೆ.