ಇಂಗ್ಲಿಷ್ ಓದು ಯಾರಪ್ಪನ ಸ್ವತ್ತು?



ನಮ್ಮ ಹಾಸ್ಟೆಲುಗಳಲ್ಲಿ ಈಗ ಒಂದು ಹೆದರಿಕೆ ಓಡಾಡುತ್ತಿದೆ. ಅದರ ಹೆಸರು ಐಇಎಲ್‌ಟಿಎಸ್. ಎಂ.ಎ. ಮುಗಿಸಿದ ಹುಡುಗ, ಎಂ.ಎಸ್ಸಿ. ಕೊನೇ ವರ್ಷದ ಹುಡುಗಿ, ಹೊರದೇಶಕ್ಕೆ ಹೋಗಿ ಓದಬೇಕು ಅಂತ ಆಸೆ ಇಟ್ಟುಕೊಂಡವರು ಅರ್ಜಿ ತೆಗೆದು ನೋಡುತ್ತಾರೆ. ಅಂಕ ಇದೆ. ಜಾತಿ ಸರ್ಟಿಫಿಕೇಟ್ ಇದೆ. ಆದಾಯ ಸರ್ಟಿಫಿಕೇಟಿಗೆ ತಾಲ್ಲೂಕು ಕಛೇರಿಗೆ ಅಲೆದು ಚಪ್ಪಲಿ ಸವೆಸಿದ್ದೂ ಆಗಿದೆ. ಕೆಳಗೆ ಒಂದೇ ಒಂದು ಸಾಲು: ಇಂಗ್ಲಿಷ್ ಪರೀಕ್ಷೆಯಲ್ಲಿ 6.5 ಅಥವಾ 7 ಬ್ಯಾಂಡ್ ಬೇಕು. ಅಲ್ಲಿಗೆ ಅರ್ಜಿ ಮಡಚಿ ಟ್ರಂಕಿನೊಳಗೆ ಹೋಯಿತು. 'ನಮ್ದೆಲ್ಲಾ ಕನ್ನಡ ಮೀಡಿಯಂ ಕಣಣ್ಣ, ಬಿಡು' ಅಂತಾರೆ.

ಯಾಕೆ ಬಿಡಬೇಕು? ಬಿಟ್ಟೂ ಬಿಟ್ಟೂ ಏನು ಉಳಿಸಿಕೊಂಡಿದ್ದೀವಿ?

ಆ ಪರೀಕ್ಷೆಯಲ್ಲಿ ನಾಲ್ಕು ಭಾಗ: ಕೇಳುವುದು, ಓದುವುದು, ಬರೆಯುವುದು, ಮಾತಾಡುವುದು. ನಾನು ಇಲ್ಲಿ ಬರೆಯೋದು ಓದುವ ಭಾಗದ ಬಗ್ಗೆ ಮಾತ್ರ. ಯಾಕೆಂದರೆ ಕಾನ್ವೆಂಟ್ ಉಚ್ಚಾರಣೆ ಇಲ್ಲದೆ, ಕಾಸು ಸುರಿಯದೆ, ಮುದ್ದೆ ಉಂಡು ರಾತ್ರಿ ಒಂಬತ್ತರ ಮೇಲೆ ಹಾಸ್ಟೆಲ್ ಹಾಲಿನಲ್ಲಿ ಕೂತು ನಾವು ನಾವೇ ಗೆಲ್ಲಬಹುದಾದ ಭಾಗ ಅದು. ಅರವತ್ತು ನಿಮಿಷ. ಮೂರು ಉದ್ದನೆಯ ಗದ್ಯಭಾಗ, ಎಲ್ಲ ಸೇರಿ 2150ರಿಂದ 2750 ಪದ. ನಲವತ್ತು ಪ್ರಶ್ನೆ. ತಪ್ಪು ಬರೆದರೆ ಅಂಕ ಕಡಿಯೋದಿಲ್ಲ, ಆದರೆ ಸ್ಪೆಲ್ಲಿಂಗ್ ತಪ್ಪಿದರೆ ಸರಿಯುತ್ತರವೂ ಹೋಯಿತು. ನಲವತ್ತರಲ್ಲಿ ಸುಮಾರು 23 ಸರಿ ಬಂದರೆ 6 ಬ್ಯಾಂಡ್, ಸುಮಾರು 30 ಬಂದರೆ 7. ಅಂದರೆ ಟ್ರಂಕಿನೊಳಗೆ ಸೇರಿದ ಅರ್ಜಿಗೂ ವಿಮಾನಕ್ಕೂ ನಡುವೆ ಇರೋದು ಏಳು ಪ್ರಶ್ನೆ. ಏಳೇ ಏಳು!

ಈ ಏಳು ಪ್ರಶ್ನೆಗೆ ಬೆಂಗಳೂರಿನ ಕೋಚಿಂಗ್ ಅಂಗಡಿಗಳು ಸಾವಿರಗಟ್ಟಲೆ ಕೀಳುತ್ತಿವೆ. ಅಂಥದೊಂದು ಅಂಗಡಿಯ ಮೆಟ್ಟಿಲು ನಾನೂ ಹತ್ತಿ ಬಂದವನು. ಅಲ್ಲಿ ಕೂತಿದ್ದ ಮಹಾಶಯರು ಹೆಸರು ಕೇಳೋಕೆ ಮುಂಚೆ ಯಾವ ಮೀಡಿಯಂ ಅಂತ ಕೇಳಿದರು. ಆಮೇಲೆ ಯಾವೂರು. ಆಮೇಲೆ ಅಪ್ಪ ಏನು ಮಾಡ್ತಾರೆ. ಇಷ್ಟಾದ ಮೇಲೆ, ನಿಮ್ಮಂಥೋರಿಗೆ ಬೇಸಿಕ್ ಬ್ಯಾಚ್ ಬೇರೆ ಇದೆ, ಫೀಜು ಡಬಲ್ ಅಂದರು. ಊರಾಚೆ ಕೇರಿ ಇಟ್ಟವರು ಇಂಗ್ಲಿಷಿನಲ್ಲೂ ಒಂದು ಕೇರಿ ಕಟ್ಟಿಟ್ಟಿದ್ದಾರೆ.

ಇನ್ನೊಂದು ಕಡೆ ನಮ್ಮವರಲ್ಲೇ ಕೆಲವರು ಇಂಗ್ಲಿಷ್ ಕಲಿಯೋದು ಗುಲಾಮಗಿರಿ ಅಂತ ಭಾಷಣ ಬಿಗಿಯುತ್ತಾರೆ. ಅವರಿಗೆ 1973ನ್ನು ನೆನಪು ಮಾಡಿಕೊಡಬೇಕು. ಆ ವರ್ಷ ನವೆಂಬರಿನಲ್ಲಿ, ಮೈಸೂರಿನಲ್ಲಿ, ದೇವರಾಜ ಅರಸರ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾನೇ ಜಾಸ್ತಿ ಅಂದರು, ಇಂಗ್ಲಿಷ್ ಕಲೀರಿ ಅಂದರು. ಎಮ್ಮೆಗೆ ಹಾಕೋ ಬೂಸದ ಹೆಸರಿನಲ್ಲಿ ಊರೂರಲ್ಲಿ ಗಲಭೆ ಎದ್ದಿತು. ಹಾಸ್ಟೆಲುಗಳಿಗೆ ನುಗ್ಗಿ ನಮ್ಮ ಹುಡುಗರನ್ನು ಬಡಿದರು. ಬಸವಲಿಂಗಪ್ಪನವರು ಕುರ್ಚಿ ಬಿಡಬೇಕಾಯಿತು. ಈ ರಾಜ್ಯದ ದಲಿತ ಚಳವಳಿ ಮೈ ಕೊಡವಿ ಎದ್ದದ್ದು ಆ ಏಟು ತಿಂದ ಮೇಲೆ. ಬಡಿದ ಮಂದಿಯಲ್ಲಿ ಎಷ್ಟು ಜನ ತಮ್ಮ ಮಕ್ಕಳನ್ನು ಕನ್ನಡ ಶಾಲೆಗೆ ಕಳಿಸಿದರು? ಹೋಗಿ ಕೇಳಿ, ಮೊಮ್ಮಕ್ಕಳು ಯಾವ ದೇಶದಲ್ಲಿದ್ದಾರೆ ಅಂತಲೂ ಕೇಳಿ.

ನಾನು ಕನ್ನಡದಲ್ಲೇ ಪದ್ಯ ಬರೆಯೋನು, ಬರೀತೀನಿ. ಬಾಬಾಸಾಹೇಬರಿಗೆ ಶಾಲೆಯಲ್ಲಿ ಸಂಸ್ಕೃತ ಕಲಿಯಲು ಬಿಡಲಿಲ್ಲ, ಪರ್ಷಿಯನ್ ತೆಗೆದುಕೊಂಡರು. 1913ರಲ್ಲಿ ಬರೋಡದ ಸ್ಕಾಲರ್‌ಶಿಪ್ಪಿನಲ್ಲಿ ಕೊಲಂಬಿಯಾಕ್ಕೆ, 1916ರಲ್ಲಿ ಲಂಡನ್ನಿಗೆ ಹೋದರು. ಮರಾಠಿ ಮರೆತರೇ? ಮೂಕನಾಯಕ ಪತ್ರಿಕೆ ತೆಗೆದದ್ದು 1920ರಲ್ಲಿ, ಮರಾಠಿಯಲ್ಲಿ. ಜಾತಿ ವಿನಾಶದ ಭಾಷಣ ಬರೆದದ್ದು 1936ರಲ್ಲಿ, ಇಂಗ್ಲಿಷಿನಲ್ಲಿ. ಲಾಹೋರಿನ ಸುಧಾರಕರು ಅದನ್ನು ಓದಿ ಬೆದರಿ ಸಭೆಯನ್ನೇ ರದ್ದು ಮಾಡಿದರು.

ಸರಿ, ಈಗ ವಿಷಯಕ್ಕೆ ಬರೋಣ. ಓದುವ ಪರೀಕ್ಷೆಯಲ್ಲಿ ನಮ್ಮವರು ಎಡವೋದು ಎಲ್ಲಿ? ಪದ ಗೊತ್ತಿಲ್ಲದೆ ಅಂತ ಎಲ್ಲರೂ ಅಂದುಕೊಂಡಿದ್ದಾರೆ. ಪದ ಒಂದು ಕಾರಣ, ನಿಜ. ಅದಕ್ಕಿಂತ ದೊಡ್ಡ ಕಾರಣ ಒಂದು ತರಹದ ಪ್ರಶ್ನೆ. ಒಂದು ಹೇಳಿಕೆ ಕೊಡುತ್ತಾರೆ. ಗದ್ಯಭಾಗ ನೋಡಿ 'ಟ್ರೂ', 'ಫಾಲ್ಸ್', 'ನಾಟ್ ಗಿವನ್' ಇವುಗಳಲ್ಲಿ ಒಂದನ್ನು ಬರೆಯಬೇಕು. ಗದ್ಯ ಆ ಮಾತನ್ನು ಒಪ್ಪಿದರೆ ಟ್ರೂ. ಗದ್ಯ ಅದಕ್ಕೆ ಎದುರು ಹೇಳಿದರೆ ಫಾಲ್ಸ್. ಗದ್ಯ ಆ ವಿಷಯದಲ್ಲಿ ಬಾಯೇ ಬಿಡದಿದ್ದರೆ ನಾಟ್ ಗಿವನ್. ಕೊನೇ ಎರಡರ ನಡುವೆ ಎಂಥೆಂಥವರೋ ಮುಗ್ಗರಿಸುತ್ತಾರೆ.

ಕನ್ನಡದಲ್ಲೇ ಒಂದು ಮಾಡಿ ನೋಡೋಣ. ಗದ್ಯ ಇದು ಅಂತ ಇಟ್ಟುಕೊಳ್ಳಿ: '1927ರ ಮಾರ್ಚ್ 20ರಂದು ಅಂಬೇಡ್ಕರ್ ಸಾವಿರಾರು ಜನರೊಂದಿಗೆ ಮೆರವಣಿಗೆಯಲ್ಲಿ ಹೋಗಿ ಮಹಾಡದ ಚೌದಾರ್ ಕೆರೆಯ ನೀರು ಕುಡಿದರು. ಮೇಲ್ಜಾತಿಯವರು ನ್ಯಾಯಾಲಯಕ್ಕೆ ಹೋದರು. 1937ರಲ್ಲಿ ಬಾಂಬೆ ಹೈಕೋರ್ಟು ಅಸ್ಪೃಶ್ಯರ ಪರವಾಗಿ ತೀರ್ಪು ಕೊಟ್ಟಿತು.'

ಮೊದಲ ಹೇಳಿಕೆ: ನೀರು ಕುಡಿದ ದಿನದಿಂದ ಹೈಕೋರ್ಟಿನ ತೀರ್ಪಿಗೆ ಹೆಚ್ಚುಕಡಿಮೆ ಹತ್ತು ವರ್ಷ ಹಿಡಿಯಿತು. ಹತ್ತು ಅನ್ನೋ ಅಂಕಿ ಗದ್ಯದಲ್ಲಿಲ್ಲ, ಆದರೂ ಟ್ರೂ. ಕೂಡಿ ಕಳೆದರೆ ಸಿಗುತ್ತದೆ. ಎರಡನೇದು: ಕೆರೆಗೆ ಅಂಬೇಡ್ಕರ್ ಒಬ್ಬರೇ ಹೋದರು. ಫಾಲ್ಸ್, ಸಾವಿರಾರು ಜನ ಅಂತ ಇದೆ. ಮೂರನೇದು: ಕೆರೆಯನ್ನು ಎಲ್ಲರಿಗೂ ತೆರೆಯುವ ನಿರ್ಣಯವನ್ನು ಮಹಾಡದ ಪುರಸಭೆ ಮೊದಲೇ ಮಾಡಿತ್ತು.

ಇಲ್ಲೇ ನಮ್ಮ ಹುಡುಗ ಬೀಳುತ್ತಾನೆ. ಯಾಕೆಂದರೆ ಅವನಿಗೆ ಗೊತ್ತು! 1923ರಲ್ಲಿ ಬೋಲೆಯವರ ನಿರ್ಣಯ, 1924ರಲ್ಲಿ ಪುರಸಭೆಯ ನಿರ್ಣಯ, ಎಲ್ಲ ನಮ್ಮ ಅಧ್ಯಯನ ಶಿಬಿರದಲ್ಲಿ ಕೇಳಿದ್ದಾನೆ. ಎದೆ ಉಬ್ಬಿಸಿ ಟ್ರೂ ಅಂತ ಬರೀತಾನೆ. ಅಂಕ ಹೋಯಿತು. ಉತ್ತರ ನಾಟ್ ಗಿವನ್. ಪರೀಕ್ಷೆ ಕೇಳೋದು ನಿನಗೆ ಗೊತ್ತಿರೋದನ್ನಲ್ಲ ತಮ್ಮಾ, ಈ ಹಾಳೆಯ ಮೇಲೆ ಇರೋದನ್ನ. ಹಾಳೆಯ ಮೇಲೆ ಇಲ್ಲದ್ದನ್ನು ಇಲ್ಲ ಅಂತ ಹೇಳೋ ಧೈರ್ಯ ಬೇಕು.

ಇದು ಬರೀ ಪರೀಕ್ಷೆಯ ಕಸರತ್ತು ಅಂತ ತಿಳೀಬೇಡಿ. 1978ರಲ್ಲಿ ಕರ್ನಾಟಕದಲ್ಲಿ ಪಿಟಿಸಿಎಲ್ ಕಾಯ್ದೆ ಬಂತು. ಸರ್ಕಾರ ನಮ್ಮವರಿಗೆ ಮಂಜೂರು ಮಾಡಿದ ಜಮೀನನ್ನು ಸಾಲಕ್ಕೋ ಕುಡಿತಕ್ಕೋ ಹೆದರಿಕೆಗೋ ಯಾರೋ ಬರೆಸಿಕೊಂಡಿದ್ದರೆ ಅದನ್ನು ಬಿಡಿಸಿ ವಾಪಸು ಕೊಡಿಸುವ ಕಾಯ್ದೆ. ಇಷ್ಟು ವರ್ಷದೊಳಗೆ ಅರ್ಜಿ ಹಾಕಬೇಕು ಅಂತ ಅದರಲ್ಲಿ ಎಲ್ಲೂ ಬರೆದಿರಲಿಲ್ಲ. ಕಾಲಮಿತಿ: ನಾಟ್ ಗಿವನ್. ಆದರೆ 2017ರಲ್ಲಿ ಸುಪ್ರೀಂ ಕೋರ್ಟು, ಮಿತಿ ಬರೆದಿಲ್ಲವಾದರೂ ಸಮಂಜಸವಾದ ಕಾಲದೊಳಗೆ ಅರ್ಜಿ ಹಾಕಬೇಕು ಅಂತ ಹೇಳಿತು. ಆ ಒಂದು ತೀರ್ಪು ಹಿಡಿದುಕೊಂಡು ತಡವಾಯಿತು ತಡವಾಯಿತು ಅಂತ ನಮ್ಮವರ ಅರ್ಜಿಗಳನ್ನು ಒಂದರ ಹಿಂದೊಂದು ತಳ್ಳಿಹಾಕಿದರು. ಧರಣಿ ಕೂತು ಕೂತು, ಕಡೆಗೆ 2023ರಲ್ಲಿ ವಿಧಾನಸಭೆ ತಿದ್ದುಪಡಿ ತಂದು ಕಾಲಮಿತಿ ಇಲ್ಲ ಅಂತ ಅಕ್ಷರದಲ್ಲಿ ಬರೆಯಬೇಕಾಯಿತು. ಹಾಳೆಯ ಮೇಲೆ ಇಲ್ಲದ ಒಂದು ಮಾತು ಎಷ್ಟು ಗುಂಟೆ ಭೂಮಿ ನುಂಗಬಲ್ಲದು ನೋಡಿದಿರಾ? ಈ ತೀರ್ಪುಗಳೆಲ್ಲ ಇರೋದು ಇಂಗ್ಲಿಷಿನಲ್ಲಿ. ನಮ್ಮ ಅಪ್ಪಂದಿರು ಅದನ್ನು ಎತ್ತಿಕೊಂಡು ವಕೀಲರ ಮನೆ ಬಾಗಿಲಲ್ಲಿ ನಿಂತಿರುತ್ತಾರೆ. 'ಮೇ' ಅಂತ ಇದೆಯೋ 'ಷಲ್' ಅಂತ ಇದೆಯೋ ಓದಿ ಹೇಳೋ ಮಗನೋ ಮಗಳೋ ಜೊತೆಯಲ್ಲಿ ಇದ್ದರೆ ಆ ನಿಲ್ಲುವಿಕೆಯೇ ಬೇರೆ.

ಗದ್ಯಭಾಗಗಳ ಬಗ್ಗೆಯೂ ಒಂದು ಮಾತು. ಅವು ನಮಗಾಗಿ ಬರೆದವಲ್ಲ. ಎಲ್ಲಿಯದೋ ಪ್ರಾಣಿ, ಎಲ್ಲಿಯದೋ ಮ್ಯೂಸಿಯಂ. ಹಾಗಂತ ಪೂರಾ ಪರಕೀಯವೂ ಅಲ್ಲ. ಕೇಂಬ್ರಿಡ್ಜಿನವರು ತೆಗೆದಿರುವ ಅಭ್ಯಾಸದ ಪುಸ್ತಕಗಳ ಸಾಲಿನಲ್ಲಿ ಹತ್ತನೆಯದನ್ನು ತೆಗೆದರೆ ಮೊದಲ ಗದ್ಯಭಾಗವೇ ಗುಜರಾತು, ರಾಜಸ್ಥಾನದ ಮೆಟ್ಟಿಲು ಬಾವಿಗಳ ಮೇಲೆ. ಶಿಲ್ಪ, ಕಂಬ, ಮಂಟಪ, ಜನ ಸೇರಿ ವಿರಮಿಸುತ್ತಿದ್ದದ್ದು, ಪೂಜೆ ಮಾಡುತ್ತಿದ್ದದ್ದು, ಎಲ್ಲದರ ವರ್ಣನೆ ಇದೆ. ಅದರ ನಡುವೆ, ಕಣ್ಣು ಮಿಟುಕಿಸಿದರೆ ತಪ್ಪಿಹೋಗುವ ಹಾಗೆ, ತೀರಾ ಕೆಳಗಿನವರಿಗೆ ಮಾತ್ರ ಅಲ್ಲಿ ಜಾಗವಿರಲಿಲ್ಲ ಅನ್ನೋ ಅರ್ಥದ ನಾಲ್ಕಾರು ಪದ. ಆ ಕೆಳಗಿನವರು ಯಾರು, ನೀರಿಗೆ ಎಲ್ಲಿ ಹೋದರು ಅಂತ ಒಂದು ಪ್ರಶ್ನೆಯೂ ಇಲ್ಲ. ಬೇರೆ ಹುಡುಗರ ಕಣ್ಣು ಅದರ ಮೇಲೆ ಜಾರಿ ಹೋಗಿರುತ್ತದೆ. ನಮ್ಮ ಕಣ್ಣು ಅಲ್ಲಿ ನಿಲ್ಲುತ್ತದೆ. ನಿಲ್ಲಲಿ. ಆದರೆ ಪರೀಕ್ಷೆಯ ದಿನ ಬೇಗ ಮುಂದಕ್ಕೆ ಹೋಗಬೇಕು, ಗಡಿಯಾರ ಓಡುತ್ತಿರುತ್ತದೆ. ವಾಪಸು ಬಂದು ಅದರ ಮೇಲೆ ಲೇಖನ ಬರೆಯೋಣ.

ಅಭ್ಯಾಸ ಹೇಗೆ? ಒಬ್ಬೊಬ್ಬರೇ ಮೂಲೆಯಲ್ಲಿ ಕೂತು ಮಾಡಬೇಡಿ, ಬೇಸರ ಬಂದು ಬಿಟ್ಟುಬಿಡುತ್ತೀರಿ. ಐದಾರು ಜನ ಸೇರಿ. ಆ ಅಭ್ಯಾಸದ ಪುಸ್ತಕ ಒಂದೊಂದರಲ್ಲಿ ನಾಲ್ಕು ಪೂರ್ತಿ ಪರೀಕ್ಷೆಗಳಿವೆ. ಹಾಸ್ಟೆಲಿಗೆ ಒಂದು ಪುಸ್ತಕ ಇದ್ದರೆ ಸಾಕು, ಉತ್ತರ ಅದರ ಮೇಲೆ ಗೀಚದೆ ಬೇರೆ ಹಾಳೆಯಲ್ಲಿ ಬರೀರಿ. ಪುಸ್ತಕ ಸಿಗುವ ತನಕ ಹಾಸ್ಟೆಲಿಗೆ ಬರುವ ಇಂಗ್ಲಿಷ್ ಪೇಪರ್ ಇದೆಯಲ್ಲ, ಸಿನಿಮಾ ಪುಟ ಬಿಟ್ಟು ಉಳಿದದ್ದು ಮಡಿಕೆ ಬಿಚ್ಚದೆ ರದ್ದಿಗೆ ಹೋಗುತ್ತಲ್ಲ, ಅದನ್ನು ಎತ್ತಿಕೊಳ್ಳಿ. ಒಂದು ಲೇಖನ ಎಲ್ಲರೂ ಓದಿ. ಆಮೇಲೆ ಒಬ್ಬೊಬ್ಬರೂ ಮೂರು ಹೇಳಿಕೆ ಬರೆದು ಪಕ್ಕದವರಿಗೆ ಕೊಡಿ: ಒಂದು ಟ್ರೂ, ಒಂದು ಫಾಲ್ಸ್, ಒಂದು ನಾಟ್ ಗಿವನ್. ಜಗಳ ಆಗುತ್ತದೆ. ಆಗಲಿ. 'ಎಲ್ಲಿದೆ ತೋರ್ಸು, ಯಾವ ಸಾಲಲ್ಲಿದೆ ತೋರ್ಸು' ಅಂತ ಬೆರಳಿಟ್ಟು ಕೇಳೋ ಜಗಳ ಒಂದು ತಿಂಗಳು ನಡೆದರೆ ಕೋಚಿಂಗ್ ಅಂಗಡಿಯವರು ಹೇಳಿಕೊಡದ್ದು ಬರುತ್ತದೆ. ಉತ್ತರ ಬರೆಯೋನಿಗಿಂತ ಪ್ರಶ್ನೆ ತೆಗೆಯೋನು ಹೆಚ್ಚು ಕಲೀತಾನೆ.

ಪ್ರತಿ ಪದಕ್ಕೂ ಡಿಕ್ಷನರಿ ತೆಗೆಯಬೇಡಿ. ರಿಸಲ್ಟ್ ಬೋರ್ಡಿನಲ್ಲಿ ನಿಮ್ಮ ನಂಬರು ಹುಡುಕುವಾಗ ಎಲ್ಲರ ನಂಬರೂ ಓದುತ್ತೀರಾ? ಹಾಗೆ, ಪ್ರಶ್ನೆಯಲ್ಲಿರುವ ಇಸವಿ, ಹೆಸರು, ಊರು ಹಿಡಿದುಕೊಂಡು ಗದ್ಯದೊಳಗೆ ಇಳಿಯಿರಿ. ಆ ಸಾಲು ಸಿಕ್ಕಿದ ಮೇಲೆ ಅದರ ಹಿಂದೆ ಮುಂದೆ ಎರಡು ಸಾಲು ನಿಧಾನವಾಗಿ ಓದಿ. 'ಆಲ್', 'ಸಮ್', 'ಮೋಸ್ಟ್', 'ಓನ್ಲಿ' ಇಂಥ ಚಿಕ್ಕ ಪದಗಳ ಮೇಲೆ ಕಣ್ಣಿರಲಿ, ಮೋಸ ಇರೋದು ಅಲ್ಲೇ. ಗದ್ಯದ ಪದವನ್ನೇ ಪ್ರಶ್ನೆಯಲ್ಲಿ ಹಾಕೋದಿಲ್ಲ, ಅದೇ ಅರ್ಥದ ಬೇರೆ ಪದ ಹಾಕುತ್ತಾರೆ. ಎರಡು ಪದಕ್ಕಿಂತ ಹೆಚ್ಚು ಬರೆಯಬೇಡಿ ಅಂತ ಇದ್ದರೆ ಎರಡೇ ಬರೀರಿ. ಗೊತ್ತಿಲ್ಲದ ಪ್ರಶ್ನೆಗೂ ಏನಾದರೂ ಬರೆದು ಬನ್ನಿ, ಖಾಲಿ ಬಿಡಬೇಡಿ.

ಇಷ್ಟು ನಾವು ಮಾಡಿಕೊಳ್ಳುವುದಾಯಿತು. ಸರ್ಕಾರ ಮಾಡಬೇಕಾದ್ದು ಯಾರು ಕೇಳೋದು? ಪರೀಕ್ಷೆಯ ಶುಲ್ಕ ಹದಿನೈದು ಸಾವಿರ ದಾಟಿದೆ, ಕೂಲಿ ಮಾಡುವ ಮನೆಯಲ್ಲಿ ಅದು ಎಷ್ಟು ದಿನದ ಕೂಲಿ ಅಂತ ನಿಮ್ಮ ಅವ್ವನನ್ನು ಕೇಳಿ. ಫಲಿತಾಂಶಕ್ಕೆ ಬೆಲೆ ಎರಡೇ ವರ್ಷ, ಆಮೇಲೆ ಮತ್ತೆ ಕಟ್ಟಬೇಕು. 1954-55ರಿಂದ ಇರುವ ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನಕ್ಕೆ 2022ರ ನಿಯಮದಲ್ಲಿ ಇಟ್ಟದ್ದು ದೇಶಕ್ಕೆಲ್ಲ 125 ಜಾಗ, ಅದರಲ್ಲಿ ಪರಿಶಿಷ್ಟ ಜಾತಿಗೆ 115. ಅದೇ ನಿಯಮದಲ್ಲಿ, ಭಾರತದ ಸಂಸ್ಕೃತಿ, ಇತಿಹಾಸ, ಸಮಾಜದ ಮೇಲೆ ಸಂಶೋಧನೆ ಮಾಡುವವರಿಗೆ ದುಡ್ಡಿಲ್ಲ ಅಂತಲೂ ಬರೆದರು. ಜಾತಿ ಬಗ್ಗೆ ಹೊರಗೆ ಹೋಗಿ ಓದಬೇಡ ಅಂತ ಇದರ ಅರ್ಥ, ಬೇರೆ ಕಾಂಪ್ರಹೆನ್ಷನ್ ಬೇಕಿಲ್ಲ. ಅರ್ಜಿ ಹಾಕಬೇಕಾದರೆ ವಿಶ್ವವಿದ್ಯಾಲಯದಿಂದ ಷರತ್ತಿಲ್ಲದ ಪ್ರವೇಶಪತ್ರ ಮೊದಲೇ ಕೈಯಲ್ಲಿರಬೇಕು. ಆ ಪತ್ರ ಸಿಗಬೇಕಾದರೆ ಇಂಗ್ಲಿಷ್ ಪರೀಕ್ಷೆ ಮೊದಲೇ ಪಾಸಾಗಿರಬೇಕು. ಅಂದರೆ ವಿದ್ಯಾರ್ಥಿವೇತನದ ದುಡ್ಡು ಬರೋಕೆ ಮುಂಚೆಯೇ ದುಡ್ಡು ಇದ್ದವನಿಗೆ ಮಾತ್ರ ವಿದ್ಯಾರ್ಥಿವೇತನ!

ಹಾಸ್ಟೆಲಿನಲ್ಲಿರುವ, ಅರ್ಜಿ ಹಾಕಲು ತಯಾರಿರುವ ಪ್ರತಿ ವಿದ್ಯಾರ್ಥಿಯ ಮೊದಲ ಸಲದ ಪರೀಕ್ಷಾ ಶುಲ್ಕವನ್ನು ಸಮಾಜ ಕಲ್ಯಾಣ ಇಲಾಖೆ ಕಟ್ಟಬೇಕು. ಕಾಲೇಜು ಹಾಸ್ಟೆಲುಗಳಿಗೆಲ್ಲ ಅಭ್ಯಾಸದ ಪುಸ್ತಕ ಬರಬೇಕು. ಬಂದ ಪುಸ್ತಕ ವಾರ್ಡನ್ ರೂಮಿನ ಬೀರುವಿನಲ್ಲಿ ಬೀಗದೊಳಗೆ ಇರಬಾರದು. ಈ ಮೂರನ್ನು ಬರೆದು, ಹಾಸ್ಟೆಲ್ ಹಾಸ್ಟೆಲಿನಲ್ಲೂ ಸಹಿ ಹಾಕಿಸಿ, ಮುಂದಿನ ಸಭೆಗೆ ತನ್ನಿ. ಮನವಿಯ ಒಂದು ಪ್ರತಿ ಕನ್ನಡದಲ್ಲಿರಲಿ, ಒಂದು ಇಂಗ್ಲಿಷಿನಲ್ಲಿರಲಿ. ಇಂಗ್ಲಿಷಿನದನ್ನು ರಾತ್ರಿ ಒಂಬತ್ತರ ಗುಂಪಿನವರೇ ಬರೆಯಲಿ.