ಪೇರಾವೂರಿನಿಂದ ಇಟಲಿಗೆ

ಉತ್ತರ ಇಟಲಿಯ ಬ್ರೆಷಾ ಪ್ರಾಂತದಲ್ಲಿ ಮೋಂಟಿಕಿಯಾರಿ ಎಂಬ ಪಟ್ಟಣವಿದೆ. ಅಲ್ಲಿಯ ಕ್ರೀಡಾಮಂದಿರಕ್ಕೆ ‘ಪಾಲಾಜಾರ್ಜ್’ ಎಂದು ಹೆಸರು. ‘ಪಾಲಾ’ ಎಂಬುದು ಕ್ರೀಡಾಮಂದಿರವೆಂಬ ಅರ್ಥದ ಇಟಲಿಯ ಮಾತೊಂದರ ಮೊಟಕುರೂಪ. ಉಳಿದ ‘ಜಾರ್ಜ್’ ಯಾವನೋ ಆಂಗ್ಲ ದೊರೆಯಿರಬೇಕೆಂದು ಪ್ರವಾಸಿಗಳು ಬಗೆದರೆ ಅದು ಅವರ ತಪ್ಪಲ್ಲ. ವಾಸ್ತವವಾಗಿ ಆ ಹೆಸರು ಕೊಡಗಿನ ಘಟ್ಟವನ್ನಿಳಿದರೆ ಬಹು ದೂರವಿಲ್ಲದ, ಕೇರಳದ ಕಣ್ಣೂರು ಜಿಲ್ಲೆಯ ಪೇರಾವೂರಿನವರಾದ ಜಿಮ್ಮಿ ಜಾರ್ಜ್ ಅವರದು.

ಜಿಮ್ಮಿ ಹುಟ್ಟಿದುದು 1955ರ ಮಾರ್ಚ್ 8ರಂದು. ತಂದೆ ವಕೀಲರು, ವಾಲಿಬಾಲ್ ಆಟದಲ್ಲಿ ಸ್ವತಃ ಪಳಗಿದವರು. ಮನೆಯಲ್ಲಿ ಗಂಡುಮಕ್ಕಳು ಎಂಟು ಮಂದಿ. ಆರು ಜನರ ಆಟಕ್ಕೆ ಎಂಟು ಜನರಿದ್ದ ಮೇಲೆ ಇಬ್ಬರನ್ನು ಬದಲಿಯಾಗಿ ಕೂರಿಸುವ ಸೌಕರ್ಯವೂ ಆ ಮನೆಗಿತ್ತು! ‘ಜಾರ್ಜ್ ಸಹೋದರರು’ ಎಂಬ ತಂಡ ಕೇರಳದಲ್ಲಿ ಮನೆಮಾತಾಯಿತು. ಎಲ್ಲರಿಗಿಂತ ಕಿರಿಯರಾದ ರಾಬರ್ಟ್ ಮಾತ್ರ ಜಿಗಿತದ ಕಡೆಗೆ ತಿರುಗಿದರು. ಅವರ ಪತ್ನಿಯೇ 2003ರಲ್ಲಿ ಪ್ಯಾರಿಸ್ ನಗರದ ವಿಶ್ವ ಕೂಟದಲ್ಲಿ ಉದ್ದಜಿಗಿತದ ಕಂಚು ಗೆದ್ದ ಅಂಜು. ಈ ದಂಪತಿಗಳು ನೆಲೆಸಿದುದು ಬೆಂಗಳೂರಿನಲ್ಲಿ.

1974ರಲ್ಲಿ ಟೆಹರಾನಿನ ಏಷ್ಯನ್ ಕ್ರೀಡಾಕೂಟ, 1976ರಲ್ಲಿ ಇಪ್ಪತ್ತೊಂದನೆಯ ವಯಸ್ಸಿಗೇ ಅರ್ಜುನ ಪ್ರಶಸ್ತಿ, 1978ರಲ್ಲಿ ಬ್ಯಾಂಕಾಕ್. ಕೇರಳ ಪೊಲೀಸ್ ಇಲಾಖೆಯಲ್ಲಿ ಉದ್ಯೋಗ. ಸಾಮಾನ್ಯವಾಗಿ ಭಾರತದ ಆಟಗಾರನೊಬ್ಬನ ಜೀವನ ಇಷ್ಟರಲ್ಲಿ ದಡ ಸೇರಿತೆಂದು ಮನೆಮಂದಿ ನೆಮ್ಮದಿಯ ಉಸಿರು ಬಿಡುವ ಕಾಲ ಇದು. ಜಿಮ್ಮಿ ಆಗ ಹೊರಟರು. 1979ರಲ್ಲಿ ಅಬುಧಾಬಿಯ ಕ್ರೀಡಾಸಂಘವನ್ನೂ, 1982ರಲ್ಲಿ ವೆನಿಸ್ಸಿಗೆ ಸಮೀಪದ ತ್ರೆವೀಜೋ ನಗರದ ತಂಡವನ್ನೂ ಸೇರಿದರು. ವಾಲಿಬಾಲನ್ನು ವೃತ್ತಿಯಾಗಿ ಕೈಗೊಂಡ ಮೊದಲ ಭಾರತೀಯರೆಂದು ಅವರನ್ನು ಗಣಿಸುವುದುಂಟು.

ಈ ಹೊರಡುವಿಕೆ ಎಷ್ಟು ಕಠಿಣವೆಂಬುದನ್ನು ತಿಳಿಯಬೇಕಾದರೆ ಆಟದ ಒಳಗುಟ್ಟನ್ನು ಸ್ವಲ್ಪ ನೋಡಬೇಕು. ಕ್ರಿಕೆಟ್ ಆಟಗಾರನು ಪರದೇಶದ ತಂಡಕ್ಕೆ ಹೋದರೆ ತನ್ನ ಬ್ಯಾಟನ್ನು ತಾನೇ ಕೊಂಡೊಯ್ಯುತ್ತಾನೆ. ಜೊತೆಗಾರನ ಭಾಷೆ ತಿಳಿಯದಿದ್ದರೂ ಬೌಂಡರಿ ಹೊಡೆಯಬಲ್ಲ. ವಾಲಿಬಾಲಿನಲ್ಲಿ ಚೆಂಡನ್ನು ಕೈಯಲ್ಲಿ ಹಿಡಿಯುವಂತಿಲ್ಲ, ಒಬ್ಬನೇ ಸತತವಾಗಿ ಎರಡು ಸಲ ಮುಟ್ಟುವಂತಿಲ್ಲ. ಎಂತಹ ಹೊಡೆತಗಾರನೇ ಆಗಲಿ, ಚೆಂಡನ್ನು ಎತ್ತಿಕೊಡುವ ಜೊತೆಗಾರನ ದಯೆಯಲ್ಲಿರುವವನೇ. ಪುರುಷರ ಆಟದಲ್ಲಿ ಬಲೆಯ ಎತ್ತರ 2.43 ಮೀಟರ್. ಅದರ ಮೇಲೆ ಕ್ಷಣಮಾತ್ರ ತೇಲುವ ಚೆಂಡಿಗೂ, ಓಡಿಬಂದು ನೆಗೆಯುವ ಅಂಗೈಗೂ ಗಂಟು ಬೀಳಬೇಕು. ವೇಗದ ದಾಳಿಯಲ್ಲಂತೂ ಚೆಂಡು ಎತ್ತಿಕೊಡುವವನ ಬೆರಳನ್ನು ಬಿಡುವ ಮುನ್ನವೇ ಹೊಡೆಯುವವನು ನೆಲ ಬಿಟ್ಟಿರುತ್ತಾನೆ. ಒಂದು ಗೇಣು ಹಿಂದಾದರೂ ಹೊಡೆತ ಬಲೆಗೆ. ಮುಂದಾದರೂ ಎದುರಾಳಿಯ ತಡೆಗೈಗೆ. ಸಭಿಕರ ಕಣ್ಣಿಗೆ ತಪ್ಪು ಯಾವಾಗಲೂ ಹೊಡೆದವನದೇ.

ಅಣ್ಣತಮ್ಮಂದಿರ ನಡುವೆ ಬೆಳೆದವರಿಗೆ ಈ ಹೊಂದಿಕೆ ಕೂಡಿ ಉಂಡ ಊಟದಷ್ಟೇ ಸಹಜ. ಹೊಸ ತಂಡದಲ್ಲಿ ಅದನ್ನು ಮೊದಲಿನಿಂದ ಕಲಿಯಬೇಕು. ಅದೂ ತಿಳಿಯದ ಭಾಷೆಯಲ್ಲಿ. ಇಬ್ಬರ ನಡುವೆ ಚೆಂಡು ಬರುವಾಗ ಇಟಲಿಯ ಆಟಗಾರನು ‘ಮಿಯಾ’ ಎಂದು ಕೂಗುತ್ತಾನೆ. ‘ನನ್ನದು’ ಎಂದು ಅದರ ಅರ್ಥ. ಹೊಸಬನು ಅನ್ನ ನೀರಿನ ಮಾತು ಕಲಿಯುವುದಕ್ಕೂ ಮೊದಲು ಈ ಒಂದು ಮಾತನ್ನು ಕಲಿಯದಿದ್ದರೆ ಚೆಂಡು ಇಬ್ಬರ ನಡುವೆ ಸದ್ದಿಲ್ಲದೆ ನೆಲ ಕಂಡೀತು. ಪರದೇಶವೆಂಬುದು ಅವನಿಗೆ ಬಲೆಯ ಈಚೆಗೇ, ತನ್ನದೇ ಬಣ್ಣದ ಅಂಗಿ ತೊಟ್ಟ ಐವರ ನಡುವೆಯೇ ಇರುತ್ತದೆ.

ಇದರ ಮೇಲೆ ಸಂಬಳದ ಭಾರ ಬೇರೆ. ತಂಡವೊಂದು ಇಟ್ಟುಕೊಳ್ಳಬಹುದಾದ ಪರದೇಶಿಯರ ಸಂಖ್ಯೆಗೆ ಮಿತಿಯಿರುವುದರಿಂದ, ಆ ಸ್ಥಾನಕ್ಕೆ ಬಂದವನು ಊರ ಹುಡುಗರಂತೆ ಆಡಿದರೆ ಸಾಲದು. ಅವರಿಗಿಂತ ಮಿಗಿಲಾಗಿ ಆಡಬೇಕು. ಆಗಿನ ನಿಯಮದಂತೆ ಸರ್ವೀಸ್ ಮಾಡುವ ತಂಡಕ್ಕೆ ಮಾತ್ರ ಅಂಕ ದೊರೆಯುತ್ತಿತ್ತು. ಪ್ರತಿ ಚೆಂಡಿಗೂ ಅಂಕವೆಂಬ ಪದ್ಧತಿ ನೆಲೆಗೊಂಡುದು 1999ರ ಸುಮಾರಿನಲ್ಲಿ. ಆದುದರಿಂದ ಹದಿನೈದು ಅಂಕಗಳ ಒಂದೊಂದು ಸೆಟ್ಟೂ ಹನುಮಂತನ ಬಾಲದಂತೆ ಬೆಳೆಯಬಹುದಾಗಿತ್ತು. ಕಷ್ಟಕ್ಕೆ ಸಿಲುಕಿದಾಗಲೆಲ್ಲ ಚೆಂಡನ್ನು ಎತ್ತಿಕೊಡುವುದು ಹೊರಗಿನಿಂದ ಕರೆತಂದ ಹೊಡೆತಗಾರನಿಗೇ. ಅದು ಗೌರವವೂ ಹೌದು, ಶಿಕ್ಷೆಯೂ ಹೌದು. ಜಿಮ್ಮಿಯವರ ನೆಗೆತವನ್ನು ಕಂಡವರು ಅವರು ಗಾಳಿಯಲ್ಲಿ ಅರೆಕ್ಷಣ ನಿಂತಂತೆ ತೋರುತ್ತಿತ್ತೆಂದು ಹೇಳುವುದುಂಟು. ಆದರೆ ನೆಗೆತವೊಂದರಿಂದಲೇ ಯಾರೂ ಋತುವಿನ ನಂತರ ಋತು ಪರದೇಶದಲ್ಲಿ ಉಳಿಯಲಾರರು. ಎತ್ತಿಕೊಡುವವನ ನಂಬಿಕೆಯನ್ನು ಅವರು ಗಳಿಸಿದ್ದಿರಬೇಕು.

ಸ್ವದೇಶಕ್ಕೆ ಇದರಿಂದ ನಷ್ಟವಾಗಲಿಲ್ಲವೇ? ಆಯಿತು. 1982ರಲ್ಲಿ ದೆಹಲಿಯಲ್ಲೇ ಏಷ್ಯನ್ ಕ್ರೀಡಾಕೂಟ ನಡೆದಾಗ ಭಾರತದ ತಂಡದಲ್ಲಿ ಜಿಮ್ಮಿ ಇರಲಿಲ್ಲ. ಆದರೆ ಲೆಕ್ಕದ ಇನ್ನೊಂದು ಬದಿಯನ್ನೂ ನೋಡುವುದು ನ್ಯಾಯ. 1986ರಲ್ಲಿ ಸಿಯೋಲ್ ಕೂಟಕ್ಕೆ ಅವರು ಮರಳಿ ಬಂದರು. ಅಲ್ಲಿ ಚೀನ, ದಕ್ಷಿಣ ಕೊರಿಯ ತಂಡಗಳ ನಂತರದ ಸ್ಥಾನ ಭಾರತದ್ದಾಯಿತು. 1962ರ ಜಕಾರ್ತ ಕೂಟದ ಬೆಳ್ಳಿಯ ಅನಂತರ, ಇಪ್ಪತ್ತನಾಲ್ಕು ವರ್ಷಗಳ ಮೇಲೆ, ಪುರುಷರ ವಾಲಿಬಾಲಿನಲ್ಲಿ ದೊರೆತ ಪದಕ ಅದು. ಇಟಲಿಯ ಅಂಕಣಗಳಲ್ಲಿ ಕಲಿತುದನ್ನು ಜಿಮ್ಮಿ ಅಲ್ಲಿಯೇ ಬಿಟ್ಟು ಬಂದಿರಲಿಲ್ಲವೆಂಬುದಂತೂ ಸ್ಪಷ್ಟ.

ಮರುವರ್ಷ, 1987ರ ನವೆಂಬರ್ 30ರಂದು, ಇಟಲಿಯಲ್ಲಿ ಮೋಟಾರು ಅಪಘಾತವೊಂದರಲ್ಲಿ ಅವರು ತೀರಿಕೊಂಡರು. ವಯಸ್ಸು ಮೂವತ್ತೆರಡು. ತಿರುವನಂತಪುರದ ಒಳಾಂಗಣ ಕ್ರೀಡಾಂಗಣಕ್ಕೆ ಅವರ ಹೆಸರಿಟ್ಟುದು ಸಹಜ. ತಾಯ್ನಾಡು ಅಷ್ಟನ್ನು ಮಾಡಲೇಬೇಕು. ಬೇರೆ ಭಾಷೆಯ, ಬೇರೆ ಬಣ್ಣದ ಜನ ಹಣ ಕೊಟ್ಟು ಕರೆಸಿಕೊಂಡ ಆಟಗಾರನೊಬ್ಬನ ಹೆಸರನ್ನು ತಮ್ಮ ಮಂದಿರದ ಬಾಗಿಲಿಗೆ ಬರೆದುದು ಮಾತ್ರ ದಿನವೂ ನಡೆಯುವ ಸಂಗತಿಯಲ್ಲ.

1990ರಲ್ಲಿ ಅಮೆರಿಕದ ಕಾರ್ಚ್ ಕಿರಾಯ್ ಮತ್ತು ಸ್ಟೀವ್ ಟಿಮನ್ಸ್ ಇಟಲಿಯ ರವೆನ್ನಾ ತಂಡಕ್ಕೆ ಬಂದರು. 1984ರಲ್ಲೂ 1988ರಲ್ಲೂ ಒಲಿಂಪಿಕ್ ಚಿನ್ನವನ್ನು ಒಂದೇ ತಂಡದಲ್ಲಿ ಗೆದ್ದಿದ್ದ ಜೋಡಿ ಅದು. ಒಬ್ಬರ ಕೈ ಇನ್ನೊಬ್ಬರಿಗೆ ಚೆನ್ನಾಗಿ ತಿಳಿದಿತ್ತು. ಪೇರಾವೂರಿನ ಎಂಟು ಮಂದಿ ಸಹೋದರರಲ್ಲಿ ತ್ರೆವೀಜೋ ಅಂಕಣಕ್ಕೆ ಇಳಿದವರು ಒಬ್ಬರೇ.